ತಾಯಿಗೆ ಆಲ್‌ಝೈಮರ್: 46ನೇ ವಯಸ್ಸಿನಲ್ಲಿ ನಾನು ವಂಶವಾಹಿ ಪರೀಕ್ಷೆ ಮಾಡಿಸಬೇಕೆ?

ಪ್ರಶ್ನೆ (ಅಡಿಕೆ ಬೆಳೆಗಾರ, ತೀರ್ಥಹಳ್ಳಿ)

ಒಣಗಿದ ಅಡಿಕೆಯನ್ನು ಕೈಯಾಡಿಸಿಯೇ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಮಾಡುತ್ತಿದ್ದ ನನ್ನ ತಾಯಿ ಈಗೀಗ ಬೆಟ್ಟೆಯನ್ನು ರಾಶಿಯ ಗುಡ್ಡೆಗೆ ಹಾಕುತ್ತಾರೆ, ತಿದ್ದಿದರೆ ಸಿಟ್ಟಾಗುತ್ತಾರೆ. ಅರವತ್ತಕ್ಕೆ ಅರಳುಮರಳು ಎಂದು ನಾವು ಸುಮ್ಮನಿದ್ದೆವು. 73ನೇ ವಯಸ್ಸಿನಲ್ಲಿ ಅವರಿಗೆ ಶಿವಮೊಗ್ಗದ ತಜ್ಞರು ಆಲ್‌ಝೈಮರ್ ಎಂದು ಗುರುತಿಸಿದರು. ನನ್ನ ತಾಯಿಯ ತಾಯಿಗೂ ಕೊನೆಗಾಲದಲ್ಲಿ ಹೀಗೆಯೇ ಆಗಿತ್ತಂತೆ. ನನಗೆ 46 ವರ್ಷ. ಮಂಡಿಯಲ್ಲಿ ಎದುರಾದ ಪರಿಚಿತರ ಹೆಸರು ಎಷ್ಟೋ ಸಲ ನಾಲಿಗೆಯ ತುದಿಯಲ್ಲೇ ನಿಂತುಬಿಡುತ್ತದೆ. ಎಂಜಲಿನ ಮಾದರಿ ಕಳುಹಿಸಿ ಎಪಿಒಇ ಎಂಬ ವಂಶವಾಹಿಯ ಪರೀಕ್ಷೆ ಮಾಡಿಸೋಣವೆಂದು ತಮ್ಮ ಒತ್ತಾಯಿಸುತ್ತಿದ್ದಾನೆ. ಅದರಲ್ಲಿ ಇ4 ಎಂಬ ರೂಪ ಬಂದರೆ ನನ್ನ ಮರೆವು ಕಾಯಿಲೆಯ ಆರಂಭವೆಂದು ತಿಳಿಯಬೇಕೆ?

ಉತ್ತರ 1 (ವೈದ್ಯ, ಶಿವಮೊಗ್ಗ)

ಹಾಗೆ ತಿಳಿಯಬೇಕಿಲ್ಲ. ಎಪಿಪಿ, ಪಿಎಸ್‌ಇಎನ್1, ಪಿಎಸ್‌ಇಎನ್2 ಎಂಬ ವಂಶವಾಹಿಗಳ ದೋಷದಿಂದ ಬರುವ ಆಲ್‌ಝೈಮರ್ ಬಹಳ ಅಪರೂಪ. ಅದು ಸಾಮಾನ್ಯವಾಗಿ 65ಕ್ಕೆ ಮೊದಲೇ ಕಾಣಿಸಿಕೊಳ್ಳುತ್ತದೆ, ಮಕ್ಕಳಿಗೆ ದಾಟುವ ಸಂಭವ ಅರ್ಧಕ್ಕರ್ಧ. ಎಪ್ಪತ್ತು ದಾಟಿದ ಮೇಲೆ ಕಾಯಿಲೆ ಬಂದ ನಿಮ್ಮ ತಾಯಿಯದು ಆ ಬಗೆಯದೆಂದು ತೋರುವುದಿಲ್ಲ. 19ನೆಯ ವರ್ಣತಂತುವಿನಲ್ಲಿರುವ ಎಪಿಒಇಗೆ ಇ2, ಇ3, ಇ4 ಎಂಬ ಮೂರು ರೂಪಗಳಿದ್ದು, ಇ4ಗೂ ಈ ಕಾಯಿಲೆಗೂ ಇರುವ ನಂಟು 1993ರಲ್ಲಿ ಬೆಳಕಿಗೆ ಬಂತು. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಪ್ರತಿಯೊಬ್ಬರಲ್ಲೂ ಇದರ ಎರಡು ಪ್ರತಿಗಳಿರುತ್ತವೆ. ಒಂದು ಇ4 ಇದ್ದರೆ ಅಪಾಯ ಸುಮಾರು ಎರಡರಿಂದ ಮೂರು ಪಟ್ಟು, ಎರಡಿದ್ದರೆ ಎಂಟರಿಂದ ಹನ್ನೆರಡು ಪಟ್ಟು ಎನ್ನುವ ಅಂಕಿಗಳು ಹೆಚ್ಚಾಗಿ ಐರೋಪ್ಯ ಮೂಲದವರ ಅಧ್ಯಯನಗಳಿಂದ ಬಂದವು. ಅವನ್ನು ನಮ್ಮವರಿಗೆ ಹಾಗೆಯೇ ಹೊಂದಿಸುವಾಗ ಎಚ್ಚರ ಬೇಕು. ಇ4 ಇದ್ದೂ ಕಾಯಿಲೆ ಬಾರದವರಿದ್ದಾರೆ, ಇಲ್ಲದೆಯೂ ಬಂದವರಿದ್ದಾರೆ.

ಮಿದುಳಿನಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನಿನ ಶೇಖರಣೆ ಲಕ್ಷಣಗಳಿಗಿಂತ 15–20 ವರ್ಷ ಮೊದಲೇ ಶುರುವಾಗುತ್ತದೆ, ನಿಜ. ಆದರೂ ನಡುವಯಸ್ಸಿನಲ್ಲಿ ಇ4 ಇರುವವರ ಮತ್ತು ಇಲ್ಲದವರ ನೆನಪಿನ ಶಕ್ತಿಯಲ್ಲಿ ಕಾಣುವ ವ್ಯತ್ಯಾಸ ತೀರ ಸಣ್ಣದು. ಹೆಸರು ತಡವಾಗಿ ನೆನಪಾಗುವುದು ಈ ವಯಸ್ಸಿನಲ್ಲಿ ಸಾಮಾನ್ಯ. ಗೊತ್ತಿರುವ ದಾರಿ ತಪ್ಪುವುದು, ಮಂಡಿಯ ಲೆಕ್ಕ ಮತ್ತೆ ಮತ್ತೆ ಎಡವುವುದು ಬೇರೆ ಮಾತು. ಮೊದಲು ಬಿ12, ಥೈರಾಯ್ಡ್, ರಕ್ತದೊತ್ತಡ, ಸಕ್ಕರೆ ನೋಡಿಸಿ. ನಿದ್ದೆ ಮತ್ತು ಮನಸ್ಸಿನ ಕುಗ್ಗುವಿಕೆಯ ಬಗ್ಗೆಯೂ ಮುಚ್ಚುಮರೆಯಿಲ್ಲದೆ ವೈದ್ಯರಲ್ಲಿ ಹೇಳಿಕೊಳ್ಳಿ.

ಉತ್ತರ 2 (ಮಾವನವರನ್ನು ನೋಡಿಕೊಳ್ಳುತ್ತಿರುವವಳು, ಸಾಗರ)

ಪರೀಕ್ಷೆ ನಿಮ್ಮೊಬ್ಬರದಲ್ಲ ಎಂಬುದನ್ನು ಸೇರಿಸಬೇಕೆನಿಸಿತು. ನಿಮ್ಮಲ್ಲಿ ಎರಡು ಇ4 ಕಂಡರೆ ನಿಮ್ಮ ಪ್ರತಿಯೊಂದು ಮಗುವಿಗೂ ಒಂದು ಖಚಿತವಾಗಿ ಹೋಗಿರುತ್ತದೆ, ಅವರು ಅದನ್ನು ಕೇಳಿರದಿದ್ದರೂ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ನಾವು ತಡೆಯಬಹುದಾದ 14 ಅಪಾಯಗಳನ್ನು ಹೆಸರಿಸಿ, ಅವೆಲ್ಲ ನೀಗಿದರೆ ಸುಮಾರು ಶೇ. 45ರಷ್ಟು ಡಿಮೆನ್ಷಿಯಾ (ಆಲ್‌ಝೈಮರ್ ಸೇರಿದಂತೆ ಮರೆಗುಳಿತನದ ಕಾಯಿಲೆಗಳು) ಪ್ರಕರಣಗಳನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆನ್ನುತ್ತದೆ. ಕಿವುಡುತನ, ಕೆಟ್ಟ ಕೊಲೆಸ್ಟ್ರಾಲ್, ರಕ್ತದೊತ್ತಡ ಅದರಲ್ಲಿ ನಡುವಯಸ್ಸಿನವರಿಗೆಂದೇ ಹೇಳಿದವು. ಮಾವನವರು ಕಿವಿಯಂತ್ರ ಬೇಡವೆಂದು ವರ್ಷಗಟ್ಟಲೆ ಹಟ ಹಿಡಿದಿದ್ದರು; ನಮ್ಮ ಕಡೆ ಕಿವುಡುತನವನ್ನು ಯಾರೂ ಕಾಯಿಲೆಯೆಂದೇ ಎಣಿಸುವುದಿಲ್ಲ.

ಉತ್ತರ 3 (ಔಷಧ ವಿಜ್ಞಾನದ ಉಪನ್ಯಾಸಕ)

ಪರೀಕ್ಷೆಯೇ ವ್ಯರ್ಥವೆಂದು ಯಾರೂ ಭಾವಿಸಬಾರದು. ಲೆಕಾನೆಮ್ಯಾಬ್‌ನಂಥ ಆಲ್‌ಝೈಮರ್‌ನ ಹೊಸ ಔಷಧ ಕೊಡುವ ಮುನ್ನ ರೋಗಿಯ ಎಪಿಒಇ ತಿಳಿಯುವುದು ಮುಖ್ಯ, ಏಕೆಂದರೆ ಎರಡು ಇ4 ಇರುವವರಲ್ಲಿ ಮಿದುಳಿನ ಊತ, ರಕ್ತಸ್ರಾವದ ಅಪಾಯ ಹೆಚ್ಚು. ಆರೋಗ್ಯವಂತರ ಕುತೂಹಲಕ್ಕೆ, ಅದೂ ಆಪ್ತಸಮಾಲೋಚನೆಯಿಲ್ಲದೆ ಅಂಚೆಯಲ್ಲಿ ಬರುವ ಫಲಿತಾಂಶಕ್ಕೆ, ನನ್ನ ಸಮ್ಮತಿಯಿಲ್ಲ.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು. ರಕ್ತ ಪರೀಕ್ಷೆ ಮೊದಲು ಮಾಡಿಸುತ್ತೇನೆ. ತಮ್ಮ ಮಾತ್ರ ಹಿಂಜರಿಯುವವನಲ್ಲ. ಅವನ ಫಲಿತಾಂಶ ಕೇಳಿದರೆ ನನ್ನದೂ ತಿಳಿದಂತಾಗುವುದೆ?

ಉತ್ತರ 1ರ ವೈದ್ಯರಿಂದ

ಪೂರ್ತಿ ತಿಳಿಯದು, ಒಡಹುಟ್ಟಿದವರಲ್ಲಿಯೂ ಹಂಚಿಕೆ ಬೇರೆಯಾಗಿರಬಹುದು. ಆದರೆ ಅವರಲ್ಲಿ ಎರಡು ಇ4 ಕಂಡರೆ ನಿಮ್ಮ ತಂದೆತಾಯಿ ಇಬ್ಬರಲ್ಲೂ ತಲಾ ಒಂದಾದರೂ ಇದೆಯೆಂದಾಗುತ್ತದೆ. ಆಗ ನಿಮ್ಮಲ್ಲಿ ಕನಿಷ್ಠ ಒಂದಿರುವ ಸಂಭವ ಮುಕ್ಕಾಲು ಪಾಲಿಗಿಂತ ಕಡಿಮೆಯಿರದು. ಕೇಳಿಸಿಕೊಳ್ಳಲು ಇಷ್ಟವಿಲ್ಲದಿದ್ದರೆ ಮಾದರಿ ಕಳುಹಿಸುವ ಮೊದಲೇ ಅವರಿಗೆ ಸ್ಪಷ್ಟವಾಗಿ ಹೇಳಿಬಿಡಿ.