ಜೂನ್ 4ಕ್ಕೆ ನಿಂತುಹೋದ ಫಾರ್ವರ್ಡ್

ನಮ್ಮ 'ಬಂಗಾರಪೇಟೆ ಮನೆ' ಗುಂಪಿನಲ್ಲಿ 43 ಜನ ಇದ್ದೇವೆ. ಮಾತಾಡುವವರು ಏಳೆಂಟು ಜನ. ಉಳಿದವರು ಹುಟ್ಟುಹಬ್ಬಕ್ಕೆ ಕೇಕ್ ಹಾಕಿ ಮಾಯವಾಗುತ್ತಾರೆ. ಜೂನ್ 4ರ ಬೆಳಿಗ್ಗೆ ದೊಡ್ಡಮಾವ ಒಂದು ಫಾರ್ವರ್ಡ್ ಹಾಕಿದರು. ಅದು ರಾತ್ರಿ ಹತ್ತರವರೆಗೆ ಎಳೆಯಿತು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕಿದ್ದೇನೆ. ಗುಡ್ ಮಾರ್ನಿಂಗ್ ಹೂವುಗಳನ್ನು ಮಾತ್ರ ತೆಗೆದಿದ್ದೇನೆ.

ದೊಡ್ಡಮಾವ, ಬೆಳಿಗ್ಗೆ 6:52
(ಫಾರ್ವರ್ಡ್) ನಿಮಗೆ ಗೊತ್ತೇ? 1987ರ ಇದೇ ದಿನ ನಮ್ಮ ಬೆಂಗಳೂರಿನಿಂದ 50 ಯುದ್ಧವಿಮಾನಗಳು ಹಾರಿ ಶ್ರೀಲಂಕಾವನ್ನು ಗಡಗಡ ನಡುಗಿಸಿದವು! ಪಕ್ಕದ ಮನೆಗೆ ಬೆಂಕಿ ಬಿದ್ದಾಗ ಕೈಕಟ್ಟಿ ಕೂರುವವನು ಗಂಡಸೇ? ಇಂದು ನಮ್ಮ ಸುತ್ತ ಎಲ್ಲ ಕಡೆ ಹೊತ್ತಿ ಉರಿಯುತ್ತಿದೆ. ಸೇನೆ ಕಳುಹಿಸಿ! ನಿಜವಾದ ಭಾರತೀಯರಾದರೆ 10 ಗುಂಪಿಗೆ ಹಂಚಿ!

ಪುಟ್ಟು, 7:40
ಮಾವ, 50 ಅಲ್ಲ, 5. ಯುದ್ಧವಿಮಾನವೂ ಅಲ್ಲ, ಸಾಮಾನು ಹೊರುವ ಎಎನ್-32. ಕಾವಲಿಗೆ ಮಿರಾಜ್ ಇದ್ದವು. ಲಂಕಾದ ತಮಿಳರ ಊರು ಯಾಳ್ಪಾಣದ ಮೇಲೆ, ಅಂದರೆ ಜಾಫ್ನಾ ಮೇಲೆ, ಹಾಕಿದ್ದು ಬಾಂಬ್ ಅಲ್ಲ, ಊಟದ ಸಾಮಾನು, ಔಷಧಿ. ಸುಮಾರು 25 ಟನ್. ಆಪರೇಷನ್ ಪೂಮಾಲೈ ಅಂತ ಹೆಸರು. ಹೂಮಾಲೆ!

ದೊಡ್ಡಮಾವ, 7:44
ಸೊನ್ನೆ ಒಂದು ಜಾಸ್ತಿ ಆಯಿತು, ಅಷ್ಟೇ. ವಿಷಯ ಸರಿಯಿದೆ ತಾನೆ? ಹಿಂದಿನ ದಿನ ಮೀನುಗಾರರ ದೋಣಿಯಲ್ಲಿ ಪರಿಹಾರ ಕಳುಹಿಸಿದೆವು. ಅವರ ನೌಕಾಪಡೆ ವಾಪಸ್ ಅಟ್ಟಿತು. ಮಾರನೇ ದಿನ ಆಕಾಶದಿಂದ ಇಳಿಸಿದೆವು. ಎರಡು ತಿಂಗಳು ತುಂಬುವ ಮುಂಚೆ, ಜುಲೈ 29ಕ್ಕೆ, ಅವರ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ರಾಜೀವ್ ಗಾಂಧಿ ಪಕ್ಕ ಕೂತು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಮುಷ್ಟಿ ತೋರಿಸಿದರೆ ಹೀಗೆ ಕೆಲಸ ಆಗುತ್ತದೆ.

ನಾನು, 8:05
ಸಹಿ ಹಾಕಿದ ಮಾರನೇ ದಿನವೇ ಗೌರವ ವಂದನೆಗೆ ನಿಂತಿದ್ದ ಅವರ ನೌಕಾಪಡೆಯವನೊಬ್ಬ ಬಂದೂಕಿನ ಹಿಡಿಯಿಂದ ರಾಜೀವ್ ಗಾಂಧಿಗೆ ಬೀಸಿದ್ದು ನೆನಪಿದೆಯಾ ಮಾವ? ಟಿವಿಯಲ್ಲಿ ತೋರಿಸಿದ್ದರಲ್ಲ.

ದೊಡ್ಡಮಾವ, 8:06
ನೆನಪಿದೆ. ಒಬ್ಬ ತಲೆಕೆಟ್ಟವನು.

ಅಮ್ಮ, 8:10
ಭಾನುವಾರದ ಪೂಜೆಗೆ ಎಷ್ಟು ಜನ ಬರುತ್ತೀರಿ ಬೇಗ ಹೇಳಿ. ಅಡುಗೆಯವರು ಕೇಳುತ್ತಿದ್ದಾರೆ.

(ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಯಾವತ್ತೂ ಕೊಡುವುದಿಲ್ಲ.)

ಪುಟ್ಟು, 8:31
ಸೇನೆ ಕಳುಹಿಸಲೇಬಾರದು ಅಂತ ನಾನು ಹೇಳುವುದಿಲ್ಲ. 1971ರ ಬಾಂಗ್ಲಾ ನೋಡಿ. ಹತ್ತಿರ ಹತ್ತಿರ ಒಂದು ಕೋಟಿ ನಿರಾಶ್ರಿತರು ಬಂದಿದ್ದರು. ಡಿಸೆಂಬರ್ 3ಕ್ಕೆ ಶುರು, 16ಕ್ಕೆ ಢಾಕಾದಲ್ಲಿ ಶರಣಾಗತಿ. ಮಾರ್ಚ್ ಹೊತ್ತಿಗೆ ನಮ್ಮವರು ಗಂಟುಮೂಟೆ ಕಟ್ಟಿ ವಾಪಸ್. ಆದರೆ ಅಲ್ಲಿ ಜನ ವೋಟು ಹಾಕಿ ಗೆಲ್ಲಿಸಿದ ಒಂದು ಪಕ್ಷ ಇತ್ತು. ಯಾರ ಕೈಗೆ ಊರು ಕೊಟ್ಟು ಬರಬೇಕು ಅನ್ನುವುದು ಹೋಗುವ ಮೊದಲೇ ಗೊತ್ತಿತ್ತು. ಲಂಕಾದಲ್ಲಿ ನಾವು ಯಾರ ಪರ ಮಾವ?

ದೊಡ್ಡಮಾವ, 8:40
ಶಾಂತಿಯ ಪರ! ಅದಕ್ಕೇ ಒಪ್ಪಂದದ ಮೇಲೆ ಅಲ್ಲಿಗೆ ಕಳುಹಿಸಿದ ನಮ್ಮ ಸೇನೆಗೆ ಶಾಂತಿಪಾಲನಾ ಪಡೆ ಅಂತ ಹೆಸರಿಟ್ಟದ್ದು.

(ಇಲ್ಲಿ ನನಗೆ ನಗು ಬಂತು. ಹಾಕಲಿಲ್ಲ. ಮೇಲೆ ಎರಡು ನೀಲಿ ಗೆರೆ, ಕೆಳಗೆ ಚಿಕ್ಕಪ್ಪನ ಹೆಸರಿನ ಮುಂದೆ 'ಟೈಪಿಂಗ್' ಅಂತ ಬರುತ್ತಿತ್ತು, ಹೋಗುತ್ತಿತ್ತು. ಚಿಕ್ಕಪ್ಪ ಸೇನೆಯ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು ಸುಬೇದಾರರಾಗಿ ನಿವೃತ್ತಿಯಾದವರು. ಹಲಸೂರು ಕೆರೆ ಪಕ್ಕ ಅವರ ಸೆಂಟರ್. ಗುಂಪಿನಲ್ಲಿ ಅವರು ಬರೆಯುವುದು ವರ್ಷಕ್ಕೆ ನಾಲ್ಕು ಸಲ, ಅದೂ 'ಶುಭವಾಗಲಿ' ಅಂತ.)

ಚಿಕ್ಕಪ್ಪ, 9:27
ಭಾವ, ನಿಮ್ಮ ಫಾರ್ವರ್ಡ್ ಜೂನ್ 4ಕ್ಕೆ ನಿಂತುಬಿಟ್ಟಿದೆ. ನಾನು ಹೋಗಿದ್ದು ಅಕ್ಟೋಬರ್‌ನಲ್ಲಿ.

ದೊಡ್ಡಮಾವ, 9:29
ಸುಬೇದಾರರೇ, ನಿಮ್ಮ ಬಗ್ಗೆ ಹೆಮ್ಮೆಯಿಂದಲೇ ಹಾಕಿದ್ದು ಇದನ್ನು.

ಚಿಕ್ಕಪ್ಪ, 9:58
ಗೊತ್ತು ಭಾವ. ಬೇಜಾರಿಲ್ಲ. ಆದರೆ ಹೇಳುತ್ತೇನೆ ಕೇಳಿ. ಜುಲೈ ಕೊನೆಯಲ್ಲಿ ಹೋದವರಿಗೆ ಅಲ್ಲಿನ ಜನ ಹಾರ ಹಾಕಿದ್ದರು. ಹುಲಿಗಳು, ಅಂದರೆ ಪ್ರತ್ಯೇಕ ತಮಿಳು ನಾಡಿಗೆ ಹೊಡೆದಾಡುತ್ತಿದ್ದ ಎಲ್‌ಟಿಟಿಇಯವರು, ಆಯುಧ ಒಪ್ಪಿಸಬೇಕು, ನಾವು ನೋಡಿಕೊಳ್ಳಬೇಕು, ಇಷ್ಟೇ ಕೆಲಸ ಅಂತ ಹೇಳಿ ಕಳುಹಿಸಿದ್ದರು. ಸ್ವಲ್ಪ ಒಪ್ಪಿಸಿದರು, ಜಾಸ್ತಿ ಇಟ್ಟುಕೊಂಡರು. ಅಕ್ಟೋಬರ್ ಮೊದಲ ವಾರ ಸಮುದ್ರದಲ್ಲಿ ಸಿಕ್ಕಿಬಿದ್ದ 17 ಜನ ಹುಲಿಗಳನ್ನು ಲಂಕಾದವರು ಕೊಲಂಬೊಗೆ ಸಾಗಿಸಲು ಹೊರಟರು. ಆ ಹುಡುಗರು ಪಲಾಲಿ ವಿಮಾನ ನೆಲೆಯಲ್ಲಿ ಸಯನೈಡ್ ನುಂಗಿದರು. 12 ಜನ ಸತ್ತರು. ಅಲ್ಲಿಗೆ ಮುಗಿಯಿತು. ಒಂದೇ ವಾರದಲ್ಲಿ ಹಾರ ಹಾಕಿಸಿಕೊಂಡವರು ಗುಂಡು ಹಾರಿಸುವವರಾದೆವು. ಅದೂ ಯಾರ ಮೇಲೆ? ನಮ್ಮ ದೇಶದಲ್ಲೇ, ನಮ್ಮವರೇ ತರಬೇತಿ ಕೊಟ್ಟ ಹುಡುಗರ ಮೇಲೆ.

ಚಿಕ್ಕಪ್ಪ, 10:20
ಯಾಳ್ಪಾಣದ ಯೂನಿವರ್ಸಿಟಿ ಮೈದಾನಕ್ಕೆ ರಾತ್ರಿ ಹೆಲಿಕಾಪ್ಟರ್‌ನಲ್ಲಿ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರನ್ನು ಇಳಿಸಿದರು. ಬೆಳಗಾದ ಮೇಲೆ ಜೀವಂತ ಉಳಿದವನು ಒಬ್ಬ. ಅವನೂ ಸೆರೆಯಾಗಿದ್ದ. ಇದನ್ನು ಕೇಳಿಕೊಂಡು ನಾವು ಹಡಗು ಹತ್ತಿದ್ದು.

(ಬಹಳ ಹೊತ್ತು ಯಾರೂ ಏನೂ ಹಾಕಲಿಲ್ಲ. ಪುಟ್ಟು ಮಾತ್ರ ಕೈಮುಗಿದ ಚಿತ್ರ ಹಾಕಿ ತೆಗೆದ.)

ದೊಡ್ಡಮಾವ, 11:15
ನೋವು ಅರ್ಥವಾಗುತ್ತದೆ. ಆದರೆ ನಾವು ಹೋಗದಿದ್ದರೆ ಬೇರೆಯವರು ಬಂದು ಕೂರುತ್ತಿದ್ದರು. ಟ್ರಿಂಕೋಮಲಿ ಬಂದರನ್ನು ನಮಗೆ ತೊಂದರೆಯಾಗುವ ಹಾಗೆ ಹೊರಗಿನವರ ಸೇನೆಗೆ ಕೊಡುವುದಿಲ್ಲ ಅಂತ ಒಪ್ಪಂದದ ಜೊತೆಗಿನ ಪತ್ರದಲ್ಲಿ ಬರೆಸಿಕೊಂಡೆವು. ಅವರ ಸಂವಿಧಾನಕ್ಕೆ 13ನೇ ತಿದ್ದುಪಡಿ ಬಂದಿದ್ದೂ ಅದರಿಂದಲೇ. ಅಲ್ಲಿನ ತಮಿಳರಿಗೆ ಪ್ರಾಂತ್ಯ ಸಭೆ ಅಂತ ಏನಾದರೂ ಕಾಗದದ ಮೇಲೆ ಇದ್ದರೆ ಅದೊಂದೇ. ಮುಂದಿನ ವರ್ಷವೇ ಮಾಲ್ಡೀವ್ಸ್‌ಗೆ ಹೋದೆವು. ಒಂದೇ ರಾತ್ರಿಯಲ್ಲಿ ಅವರ ರಾಜಧಾನಿ ಮಾಲೆ ನಮ್ಮ ಹಿಡಿತಕ್ಕೆ ಬಂತು. ಅದನ್ನು ಯಾಕೆ ಯಾರೂ ಹೇಳುವುದಿಲ್ಲ?

ನಾನು, 11:40
ಮಾಲ್ಡೀವ್ಸ್ ಅಂತರ್ಯುದ್ಧ ಅಲ್ಲ ಮಾವ. ದೋಣಿಯಲ್ಲಿ ಬಂದ ಬಾಡಿಗೆ ಬಂದೂಕಿನವರು. ಅಧ್ಯಕ್ಷರು ಬನ್ನಿ ಅಂದರು, ಹೋದೆವು, ಓಡಿಸಿದೆವು. ಮನೆಗೆ ಕಳ್ಳ ನುಗ್ಗಿದಾಗ ಪಕ್ಕದವರನ್ನು ಕರೆಯುವುದು ಬೇರೆ. ಅಣ್ಣತಮ್ಮಂದಿರು ಪಾಲಿಗೆ ಹೊಡೆದಾಡುವಾಗ ಮಧ್ಯೆ ಹೋಗುವುದು ಬೇರೆ. ನಮ್ಮ ಮಾಲೂರು ರಸ್ತೆ ಜಮೀನಿನ ಪಂಚಾಯಿತಿಗೆ ನೀವೇ ಹೋಗಿದ್ದಿರಲ್ಲ. ಕೊನೆಗೆ ಇಬ್ಬರೂ ಸೇರಿ ಬೈದಿದ್ದು ಯಾರನ್ನು?

ಸೋದರತ್ತೆ, 11:43
ಹ್ಹಹ್ಹ.

ದೊಡ್ಡಮಾವ, 11:44
ಆ ವಿಷಯ ಇಲ್ಲಿ ಬೇಡ.

ನಾನು, 11:50
ಇಲ್ಲೂ ಹಾಗೇ ಆಯಿತು. ಜಯವರ್ಧನೆ ನಮ್ಮನ್ನು ಉತ್ತರಕ್ಕೆ ಬಿಟ್ಟುಕೊಂಡು ತಮ್ಮ ಸೈನ್ಯವನ್ನು ದಕ್ಷಿಣದಲ್ಲಿ ಸಿಂಹಳ ಎಡಪಂಥೀಯರ ಜೆವಿಪಿ ದಂಗೆಯ ಮೇಲೆ ತಿರುಗಿಸಿದರು. ಆ ದಂಗೆಗೆ ಎಣ್ಣೆ ಸುರಿದಿದ್ದೇ ಭಾರತದ ಸೇನೆ ಬಂದಿದೆ ಅನ್ನುವ ಸಿಟ್ಟು. ಆಮೇಲೆ ಅಧ್ಯಕ್ಷರಾಗಿ ಬಂದ ಪ್ರೇಮದಾಸ 1989ರ ಜೂನ್‌ನಲ್ಲಿ ಜಾಗ ಖಾಲಿ ಮಾಡಿ ಅಂದರು. ನಮ್ಮವರ ಜೊತೆ ಹೊಡೆದಾಡಲಿ ಅಂತ ಹುಲಿಗಳಿಗೆ ಕದ್ದು ಆಯುಧ ಕೊಟ್ಟರು. ಕರೆದ ಸರ್ಕಾರವೂ ವಿರುದ್ಧ, ಕಾಪಾಡಲು ಹೋದ ಜನರೂ ವಿರುದ್ಧ. 1993ರಲ್ಲಿ ಅದೇ ಪ್ರೇಮದಾಸರನ್ನು ಹುಲಿಗಳೇ ಕೊಂದರು, ಅದು ಬೇರೆ ಕಥೆ.

ಸೋದರತ್ತೆ, ಮಧ್ಯಾಹ್ನ 1:15
ನನಗೆ ರಾಜಕೀಯ ಗೊತ್ತಿಲ್ಲ. ಆದರೆ ಆ ಯುದ್ಧ ನಮ್ಮ ಬೀದಿಗೇ ಬಂದಿತ್ತು. 1991ರ ಆಗಸ್ಟ್. ಆಗ ಕೋಣನಕುಂಟೆ ಅಂದರೆ ಹಳ್ಳಿ, ಕನಕಪುರ ರಸ್ತೆಯಲ್ಲಿ ಕತ್ತಲಾದ ಮೇಲೆ ಬಸ್ಸೂ ಕಡಿಮೆ. ಪೊಲೀಸರು ದಾರಿ ಕಟ್ಟಿದರು, ಹಾಲಿಗೂ ಹೊರಗೆ ಬಿಡಲಿಲ್ಲ. ರಾಜೀವ್ ಗಾಂಧಿಯನ್ನು ಕೊಲ್ಲಿಸಿದ ಹುಲಿಗಳ ಕಡೆಯ ಶಿವರಾಸನ್, ಶುಭಾ, ಇನ್ನೂ ಐದು ಜನ ಬಾಡಿಗೆ ಮನೆಯೊಂದರಲ್ಲಿದ್ದರು. ರಾತ್ರಿಯೆಲ್ಲ ಕಮಾಂಡೋಗಳು ಕಾದರು. ಬೆಳಿಗ್ಗೆ ಒಳಗೆ ಹೋದಾಗ ಎಲ್ಲರೂ ಸತ್ತಿದ್ದರು. ನಮ್ಮ ಮನೆಯವರು ಆ ದಿನ ಬಾಗಿಲಿಗೆ ಎರಡು ಚಿಲಕ ಹಾಕಿಸಿದರು. ಆ ಎರಡನೇ ಚಿಲಕ ಈಗಲೂ ಇದೆ.

ದೊಡ್ಡಮಾವ, 1:30
ಭಯೋತ್ಪಾದಕರು ಕೊಲ್ಲುತ್ತಾರೆ ಅಂತ ದೇಶ ಹೆದರಿಕೊಂಡು ಕೂರಬೇಕಾ?

(ಇದಕ್ಕೆ ಉತ್ತರ ಟೊರೊಂಟೊದಿಂದ ಬಂತು. ಅಕ್ಕ ಆಗಷ್ಟೇ ಎದ್ದಿದ್ದಳು.)

ಅಕ್ಕ, ಸಂಜೆ 5:10
ಈಗ ಎಲ್ಲ ಓದಿದೆ. ನಮ್ಮ ಸ್ಕಾರ್‌ಬರೋದಲ್ಲಿ ಎಲ್ಲಿ ನೋಡಿದರೂ ಯಾಳ್ಪಾಣದವರು. ಪಕ್ಕದ ಮನೆ ಆಂಟಿ ನಾನು ಬೆಂಗಳೂರಿನವಳು ಅಂದ ಮೊದಲ ದಿನ ನಕ್ಕು ಮಾತಾಡಿಸಿದರು. ಆರು ತಿಂಗಳಾದ ಮೇಲೆ ಹೇಳಿದರು, ಅವರ ಅಣ್ಣ ಯಾಳ್ಪಾಣದ ಆಸ್ಪತ್ರೆಯಲ್ಲಿ ಸತ್ತಿದ್ದು ಅಂತ. 1987ರ ಅಕ್ಟೋಬರ್ 21, ದೀಪಾವಳಿ ದಿನ. ನಮ್ಮ ಸೈನಿಕರು ಒಳಗೆ ನುಗ್ಗಿ ಹಾರಿಸಿದರು. ಡಾಕ್ಟರು, ನರ್ಸು, ರೋಗಿಗಳು ಸೇರಿ 60ಕ್ಕೂ ಹೆಚ್ಚು ಜನ. ಒಳಗಿನಿಂದ ಹುಲಿಗಳು ಹಾರಿಸಿದರು ಅಂತ ನಮ್ಮ ಕಡೆಯವರು ಹೇಳುತ್ತಾರೆ. ಆಂಟಿ ಇವತ್ತಿಗೂ ದೀಪಾವಳಿಗೆ ದೀಪ ಹಚ್ಚುವುದಿಲ್ಲ. ನಮ್ಮ ಮನೆಯಿಂದ ಕೊಟ್ಟ ಒಬ್ಬಟ್ಟು ಮಾತ್ರ ತೆಗೆದುಕೊಳ್ಳುತ್ತಾರೆ.

ದೊಡ್ಡಮಾವ, 5:16
ಅಂದರೆ ನಮ್ಮ ಸೇನೆಯನ್ನು ಕೊಲೆಗಾರರು ಅನ್ನುತ್ತೀಯಾ ಮಗಳೇ? ನಿನ್ನ ಚಿಕ್ಕಪ್ಪ ಇದೇ ಗುಂಪಿನಲ್ಲಿದ್ದಾರೆ.

ಅಕ್ಕ, 5:25
ಚಿಕ್ಕಪ್ಪನಿಗೆ ಇದನ್ನು ಹತ್ತು ವರ್ಷದ ಹಿಂದೆಯೇ ಹೇಳಿದ್ದೇನೆ ಮಾವ. ಇನ್ನೊಂದು ವಿಷಯ ಕೇಳಿ, ಇದು ನಿಮ್ಮ ಪರವಾಗಿದೆ. 2009ರ ಮೇ ತಿಂಗಳಲ್ಲಿ ನಾವು ಇಲ್ಲಿಗೆ ಹೊಸಬರು. ಒಂದು ಭಾನುವಾರ ಸಂಜೆ ತಮಿಳರು ಮಕ್ಕಳನ್ನು ಎತ್ತಿಕೊಂಡು ಗಾರ್ಡಿನರ್ ಹೆದ್ದಾರಿಯ ಮೇಲೆ ಕೂತುಬಿಟ್ಟರು. ಲಂಕಾದಲ್ಲಿ ಕೊನೆಯ ಯುದ್ಧ ನಡೆಯುತ್ತಿತ್ತು. ಆ ಕೆಲವು ತಿಂಗಳಲ್ಲಿ 40 ಸಾವಿರದವರೆಗೂ ಸಾಮಾನ್ಯ ಜನ ಸತ್ತಿರಬಹುದು ಅಂತ ವಿಶ್ವಸಂಸ್ಥೆಯ ಸಮಿತಿ ಆಮೇಲೆ ಹೇಳಿತು. ಆಂಟಿಯೂ ಆ ಹೆದ್ದಾರಿಯಲ್ಲಿದ್ದರು. 'ಆಗ ಬಂದು ಕೊಂದರು, ಈಗ ಬರದೆ ಕೊಂದರು' ಅಂತಾರೆ. ನನಗೆ ಏನು ಹೇಳಬೇಕು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಪುಟ್ಟು, 5:50
ಅಂದರೆ 2009ರಲ್ಲಿ ಹೋಗಬೇಕಿತ್ತಾ?

ಅಕ್ಕ, 5:52
ಹಡಗಿನಲ್ಲಿ ಗಾಯಾಳುಗಳನ್ನಾದರೂ ಕರೆತರಬಹುದಿತ್ತು. ಕದನ ನಿಲ್ಲಿಸಿ ಅಂತ ಕೈಹಿಡಿದು ಒತ್ತಾಯ ಮಾಡಬಹುದಿತ್ತು. ಸಾಮಾನು ಇಳಿಸುವ 5 ವಿಮಾನವೇ ಆದರೂ ನಾನು ಸಂತೋಷ ಪಡುತ್ತಿದ್ದೆ. 80 ಸಾವಿರ ಸೈನಿಕರನ್ನು ಮತ್ತೆ ಇಳಿಸಿ ಅನ್ನಲು ನನ್ನ ಬಾಯಿ ಬರುವುದಿಲ್ಲ.

(ನಾನೂ ಅಲ್ಲೇ ನಿಂತಿದ್ದೇನೆ. ಹಸಿದವರಿಗೆ ಅಕ್ಕಿ ಇಳಿಸಿದ್ದರ ಬಗ್ಗೆ ನನಗೆ ತಕರಾರಿಲ್ಲ. ಅಕ್ಕಿಯ ಹಿಂದೆ ಬಂದೂಕು ಇಳಿಯಿತಲ್ಲ, ಅದಕ್ಕೆ ವಾಪಸ್ ಬರುವ ದಾರಿ ಯಾರ ಹತ್ತಿರವೂ ಇರಲಿಲ್ಲ. ಇದನ್ನು ಗುಂಪಿನಲ್ಲಿ ಬರೆಯೋಣ ಅನ್ನುವಷ್ಟರಲ್ಲಿ ಚಿಕ್ಕಪ್ಪ ಮತ್ತೆ ಬಂದರು. ಈ ಸಲ ಧ್ವನಿ ಸಂದೇಶ, ಮೂರು ನಿಮಿಷದ್ದು. ಕೇಳಿ ಬರೆದುಕೊಂಡಿದ್ದು ಇದು.)

ಚಿಕ್ಕಪ್ಪ, ರಾತ್ರಿ 8:35
ನಮ್ಮ ಕೆಲಸ ರಸ್ತೆ ತೆರೆಯುವುದು. ಮುಂದೆ ಸಲಾಕೆ ಹಿಡಿದು ಚುಚ್ಚುತ್ತಾ ಹೋಗಬೇಕು, ಹಿಂದೆ ಲಾರಿಗಳು. ಒಂದು ಮೋರಿ ಕೆಳಗೆ ಎಣ್ಣೆ ಕ್ಯಾನಿನಷ್ಟು ದೊಡ್ಡ ಪ್ಲಾಸ್ಟಿಕ್ ಕ್ಯಾನ್ ಸಿಕ್ಕಿತು, ತುಂಬಾ ಮದ್ದು. ಅದರಿಂದ ಎರಡು ವೈರು. ಕೆಂಪು ಮಣ್ಣಲ್ಲಿ ಹೂತು, ತಾಳೆಗರಿ ಬೇಲಿ ಕೆಳಗೆ ತೂರಿ ಒಂದು ಮನೆ ಹಿತ್ತಿಲಿಗೆ ಹೋಗಿತ್ತು. ಹಿತ್ತಿಲಲ್ಲಿ ಒಂದು ಅಜ್ಜಿ ಬಾವಿಯಿಂದ ನೀರು ಸೇದುತ್ತಿದ್ದಳು. ನಮ್ಮನ್ನು ನೋಡಿ ಹೆದರಲಿಲ್ಲ. 'ತಂಬಿ, ತಣ್ಣಿ ಕುಡಿ' ಅಂತ ಚೊಂಬು ಕೊಟ್ಟಳು. ಮದ್ರಾಸ್ ಸ್ಯಾಪರ್ಸ್‌ನವರನ್ನು ಸೇನೆಯಲ್ಲಿ ಎಲ್ಲರೂ ತಂಬಿ ಅಂತಲೇ ಕರೆಯುವುದು, ಹಾಗಾಗಿ ನಮಗೆ ನಗು ಬಂತು. ಕುಡಿದೆವು. ಯಾವ ಊರು ಅಂತ ಕೇಳಿದಳು. ಬಂಗಾರಪೇಟೆ ಅಂದೆ. ವೈರಿನ ಇನ್ನೊಂದು ತುದಿ ಅವಳ ದನದ ಕೊಟ್ಟಿಗೆ ಹಿಂದೆ ಇತ್ತು. ಬ್ಯಾಟರಿ ಇನ್ನೂ ಬೆಚ್ಚಗಿತ್ತು. ಅವಳಿಗೆ ಗೊತ್ತಿತ್ತೋ ಇಲ್ಲವೋ, ಭಾವ? ನಾನು ಇವತ್ತಿಗೂ ಯೋಚನೆ ಮಾಡುತ್ತೇನೆ. ಗೊತ್ತಿದ್ದೇ ನೀರು ಕೊಟ್ಟು ನಿಲ್ಲಿಸಿ ನಮ್ಮನ್ನು ಉಳಿಸಿದಳೋ ಏನೋ. ಅವಳನ್ನು ನಾವು ಕೇಳಲಿಲ್ಲ. ನಮ್ಮ ಹಿಂದೆ ಬಂದವರು ಕೇಳಿದರು. ಹೇಗೆ ಕೇಳಿದರು ಅಂತ ನಾನು ನೋಡಲು ನಿಲ್ಲಲಿಲ್ಲ.

(ಈ ಕಥೆಯನ್ನು ನಾನು ಮೊದಲ ಸಲ ಕೇಳಿದ್ದು. ಚಿಕ್ಕಮ್ಮನೂ ಮೊದಲ ಸಲವಂತೆ.)

ಪುಟ್ಟು, 8:50
ಚಿಕ್ಕಪ್ಪ, ವಾಪಸ್ ಬಂದಾಗ?

ಚಿಕ್ಕಪ್ಪ, 8:58
ಮದ್ರಾಸಿಗೆ ಬಂದಾಗ ಅಲ್ಲಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಬರಲಿಲ್ಲ. ತಮಿಳರನ್ನು ಕೊಂದ ಸೇನೆ ಅಂತ. ಸತ್ತ ನಮ್ಮವರು ಸುಮಾರು 1,200. ಅವರ ಹೆಸರು ಕೆತ್ತಿದ ದೊಡ್ಡ ಸ್ಮಾರಕ ಎಲ್ಲಿದೆ ಗೊತ್ತಾ? ಕೊಲಂಬೊ ಪಕ್ಕ, ಅವರ ಪಾರ್ಲಿಮೆಂಟ್ ಹತ್ತಿರ. ಕಟ್ಟಿಸಿದ್ದು ಅವರು.

(ಆಮೇಲೆ ಮುಕ್ಕಾಲು ಗಂಟೆ ಮೌನ. ಮಾವ ಗುಂಪು ಬಿಟ್ಟರೇನೋ ಅಂದುಕೊಂಡೆ. ಬಿಟ್ಟಿರಲಿಲ್ಲ.)

ದೊಡ್ಡಮಾವ, 9:44
(ಫಾರ್ವರ್ಡ್ ಮತ್ತೆ ಹಾಕಿ) 50 ಇದ್ದದ್ದನ್ನು 5 ಮಾಡಿದ್ದೇನೆ. 'ಯುದ್ಧವಿಮಾನ' ತೆಗೆದಿದ್ದೇನೆ. ಗಂಡಸು ಅನ್ನುವ ಸಾಲೂ ತೆಗೆದೆ. ಉಳಿದದ್ದು ಹಾಗೇ ಇದೆ. ನನ್ನ ಅಭಿಪ್ರಾಯ ಬದಲಾಗಿಲ್ಲ.

ಚಿಕ್ಕಪ್ಪ, 9:47
ಸರಿ ಭಾವ. ಕೆಳಗೆ ಒಂದು ಸಾಲು ಸೇರಿಸಿ. ಕೊನೆಯ ತಂಡ ಹಡಗು ಹತ್ತಿದ್ದು 1990ರ ಮಾರ್ಚ್ 24 ಅಂತ.

ದೊಡ್ಡಮಾವ, 9:55
ಉದ್ದ ಆಗುತ್ತದೆ. ಅಷ್ಟು ಯಾರೂ ಓದುವುದಿಲ್ಲ.

ಅಮ್ಮ, 10:02
ಭಾನುವಾರಕ್ಕೆ ಎಷ್ಟು ಜನ ಅಂತ ಬೆಳಿಗ್ಗೆಯಿಂದ ಕೇಳುತ್ತಿದ್ದೇನೆ.

ಚಿಕ್ಕಪ್ಪ, 10:03
ನಾವಿಬ್ಬರು ಅತ್ತಿಗೆ. ಭಾವನನ್ನು ನಾನೇ ಸ್ಟೇಷನ್‌ನಿಂದ ಕರೆದುಕೊಂಡು ಬರುತ್ತೇನೆ.