ತೆಳು ಲ್ಯಾಪ್‌ಟಾಪ್ ತಗೊಂಡವರು ಹೇಳಿ: ಹೆಗಲು ಉಳಿಯಿತಾ, ಜೇಬು ಉಳಿಯಿತಾ?

ಭದ್ರಾವತಿ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡ್ತೀನಿ. ದಿನಾ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸು, ಬೆಳಗಿನ ಹೊತ್ತು ಸೀಟು ಸಿಕ್ಕರೆ ಪುಣ್ಯ. ಈಗಿರುವ 15.6 ಇಂಚಿನದು ಚಾರ್ಜರ್ ಸೇರಿ ಮೂರು ಕೆಜಿ ಹತ್ತಿರ, ಬಲ ಹೆಗಲು ಹಿಡಿದುಬಿಟ್ಟಿದೆ. 70 ಸಾವಿರದೊಳಗೆ 14 ಇಂಚಿನ, 1.2–1.3 ಕೆಜಿಯದು ನೋಡ್ತಿದ್ದೇನೆ. ಕೆಲಸ ಅಂದರೆ ಪಿಪಿಟಿ, ಎಕ್ಸೆಲ್, ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ, ಆಗಾಗ ಪಾಠದ ವಿಡಿಯೋ. ಐದು ವರ್ಷ ಬಾಳಬೇಕು. ಅಂಗಡಿಯವನು ತೋರಿಸಿದ್ದರಲ್ಲಿ ರ‍್ಯಾಮ್ 16 ಜಿಬಿ, ಬೋರ್ಡಿಗೇ ಬೆಸುಗೆ, ಆಮೇಲೆ ಹೆಚ್ಚಿಸೋಕಾಗಲ್ಲ ಅಂದ. ಬಳಸಿದವರು ದಯವಿಟ್ಟು ಹೇಳಿ.

ಕಲಬುರಗಿ ಬಿಸಿಲು:
ತೆಳುವಾದದ್ದೇ ತಗೋರಿ ಸರ್, ಎರಡನೇ ವಿಚಾರ ಬ್ಯಾಡ. ನಂದು ಎಂ1 ಮ್ಯಾಕ್‌ಬುಕ್ ಏರ್, 2021ರಾಗ ತಗೊಂಡಿದ್ದು, 1.29 ಕೆಜಿ. ಚೀಲದಾಗ ಐತೋ ಇಲ್ಲೋ ಅಂತ ಕೈ ಹಾಕಿ ನೋಡಬೇಕು. ಫ್ಯಾನೇ ಇಲ್ಲ, ಹಂಗಾಗಿ ನಮ್ಮ ಊರ ಧೂಳು ಎಳಕೊಳ್ಳೂದಿಲ್ಲ, ಸದ್ದೂ ಇಲ್ಲ. ಮೇ ತಿಂಗಳಾಗ 42 ಡಿಗ್ರಿ, ಕರೆಂಟೂ ಇಲ್ಲ, ಅಂಥಾದ್ರಾಗ ಉದ್ದನ ವಿಡಿಯೋ ಎಕ್ಸ್‌ಪೋರ್ಟ್ ಹಚ್ಚಿದ್ರ ನಿಧಾನ ಆಗತೈತಿ, ಅದು ಖರೆ. ಫ್ಯಾನ್ ಇಲ್ಲದ್ದು ಬಿಸಿ ಆದ್ರ ತಾನೇ ವೇಗ ಇಳಿಸಿಕೊಳ್ಳತೈತಿ. ರಾತ್ರಿ ಹಚ್ಚಿ ಮಲಕೊಳ್ರಿ, ಮುಂಜಾನೆ ಆಗಿರತೈತಿ.

ಖರ್ಚು ಹೇಳತೀನಿ. ಎರಡೇ ಟೈಪ್-ಸಿ ಪೋರ್ಟು. ಪ್ರೊಜೆಕ್ಟರ್ ಸಲುವಾಗಿ ಎಚ್‌ಡಿಎಂಐ ಡಾಂಗಲ್ (ಪೋರ್ಟು ಬದಲಿಸೂ ತುಂಡು ಕೇಬಲ್) 1,450. ಕಾಲೇಜಿನ ಹಳೇ ಪ್ರೊಜೆಕ್ಟರ್‌ನಾಗ ವಿಜಿಎ ಮಾತ್ರ, ಅದಕ್ಕ ಬ್ಯಾರೆ 1,100. ಸೆಮಿನಾರ್ ಹಾಲ್‌ನಾಗ ಮೊದಲಿಂದು ಯಾರೋ ಎತಗೊಂಡು ಹೋದ್ರು, ಮತ್ತ 1,450. ಪೆನ್‌ಡ್ರೈವ್ ಹಾಕೂ ಹಬ್ 2,300. ಒಟ್ಟು 6,300. ಆದ್ರೂ ನನಗ ಚಿಂತಿ ಇಲ್ಲ, ನಾಲ್ಕು ವರ್ಷಾದ್ರೂ ಬ್ಯಾಟರಿ ಇನ್ನೂ ಅರ್ಧ ದಿನ ಬರತೈತಿ.

ಹಿಂಜ್ ಹೋದವನು:
ಐದು ವರ್ಷ ಬಾಳಬೇಕು ಅಂದ್ರಲ್ಲ ಮೇಷ್ಟ್ರೇ, ಅದಕ್ಕೇ ಬರೀತಿದ್ದೀನಿ. ನಂದು 1.1 ಕೆಜಿ. ಕಂಪನಿ ಹೆಸರು ಹೇಳಲ್ಲ. 2022ರ ದಸರಾ ಆಫರ್‌ನಲ್ಲಿ 64,990. ವಾರಂಟಿ ಮುಗಿದು ತಿಂಗಳಾಗಿರಲಿಲ್ಲ, ಒಂದು ಬೆಳಗ್ಗೆ ಮುಚ್ಚಳ ಎತ್ತುವಾಗ ಎಡಗಡೆ ಟಕ್ ಅಂತು. ಪರದೆಯ ಅಂಚು ಬಾಯಿ ಬಿಟ್ಟಿತು. ಬಿಚ್ಚಿ ನೋಡಿದರೆ ಹಿಂಜು (ಮುಚ್ಚಳದ ಕೀಲು) ಮಾತ್ರ ಉಕ್ಕು, ಬಲು ಬಿಗಿ. ಅದನ್ನ ಹಿಡಿದುಕೊಂಡಿರೋದು ಪ್ಲಾಸ್ಟಿಕ್‌ನೊಳಗೆ ಹೂತ, ಕಡಲೆಬೇಳೆಗಿಂತ ಚಿಕ್ಕ ಹಿತ್ತಾಳೆ ನಟ್ಟುಗಳು. ಮೂರರಲ್ಲಿ ಎರಡು ಪ್ಲಾಸ್ಟಿಕ್ ಸಮೇತ ಕಿತ್ತು ಬಂದಿದ್ದವು.

ಸರ್ವೀಸ್ ಸೆಂಟರ್‌ನಲ್ಲಿ ನೋಡೋದಕ್ಕೇ 590. ಹಿಂಜ್ ಒಂದೇ ಸಿಗಲ್ಲವಂತೆ, ಡಿಸ್‌ಪ್ಲೇ ಅಸೆಂಬ್ಲಿ ಪೂರ್ತಿ ಹಾಕಬೇಕಂತೆ: 24,500, ಅದರ ಮೇಲೆ ಜಿಎಸ್‌ಟಿ, ಒಟ್ಟು 28,910. ಚೀಟಿಯಲ್ಲಿ ‘ಫಿಸಿಕಲ್ ಡ್ಯಾಮೇಜ್’ ಅಂತ ಬರೆದುಕೊಟ್ಟರು. ಲ್ಯಾಪ್‌ಟಾಪ್ ತೆರೆಯೋದು ಫಿಸಿಕಲ್ ಡ್ಯಾಮೇಜಾ ಸ್ವಾಮಿ? ಹೊರಗಡೆಯವನೊಬ್ಬ ಎರಡು ಟ್ಯೂಬಿನ ಅಂಟು ಕಲೆಸಿ ಕೂರಿಸಿದ, 1,800. ಎರಡು ತಿಂಗಳಿಗೆ ಪರದೆ ತುಂಬ ಗೆರೆ. ಹಿಂಜಿನ ಪಕ್ಕ ಹಾದುಹೋಗುವ ಡಿಸ್‌ಪ್ಲೇ ಕೇಬಲ್ ಸವೆದಿತ್ತು, 2,200. ಈಗ ಅದನ್ನ ಮೇಜಿನ ಮೇಲೆ ಮಾನಿಟರ್‌ಗೆ ಸಿಕ್ಕಿಸಿ, ಮುಚ್ಚಳ ಮುಟ್ಟದೆ ಬಳಸ್ತಿದ್ದೀನಿ. 1.1 ಕೆಜಿ ಇದ್ದು ಏನು ಬಂತು?

ಎಸ್‌ಪಿ ರೋಡ್ ಗಿರಾಕಿ:
ಆಫರ್ ಅಂದ ಕೂಡಲೇ ಓಡಿದರೆ ಹಿಂಗೇ ಆಗೋದು ಗುರೂ. ಆಫೀಸುಗಳಿಂದ ಲೀಸ್ ಮುಗಿದು ಬರೋ ಬಿಸಿನೆಸ್ ಸೀರೀಸ್ ತಗೋಬೇಕು. ನಂದು 14 ಇಂಚು, 1.6 ಕೆಜಿ, ರಿಫರ್ಬಿಶ್ಡ್ 27,500. ರ‍್ಯಾಮ್ 8 ತೆಗೆದು 32 ಹಾಕಿಸಿದೆ, ಆಗ 5,200. 1 ಟಿಬಿ ಎಸ್‌ಎಸ್‌ಡಿ 4,800. ಬ್ಯಾಟರಿ ಹೊಸದು 3,400. ಒಟ್ಟು 40,900. ತಳದ ಸ್ಕ್ರೂ ಬಿಚ್ಚಿದರೆ ಎಲ್ಲಾ ಕಣ್ಣಿಗೆ ಕಾಣುತ್ತೆ, ನಾನೇ ಹಾಕಿಕೊಂಡೆ. ಲ್ಯಾನ್ ಇದೆ, ಎಚ್‌ಡಿಎಂಐ ಇದೆ, ಕೀಬೋರ್ಡ್ ಮೇಲೆ ನೀರು ಚೆಲ್ಲಿದರೆ ಕೆಳಗಿನ ತೂತಿನಿಂದ ಹರಿದುಹೋಗುತ್ತೆ. ಅಂಟು ಕಲೆಸೋ ಗತಿ ಬಂದಿಲ್ಲ.

ಹಿಂಜ್ ಹೋದವನು:
ನಗೋರಿಗೆ ಏನು. 3,400ರ ಬ್ಯಾಟರಿ ಒರಿಜಿನಲ್ಲಾ ಅಂತ ಒಂದು ಸಲ ಲೇಬಲ್ ನೋಡಿಕೊಳ್ಳಿ. ಹಳೇ ಪ್ರೊಸೆಸರ್ ಆದರೆ ವಿಂಡೋಸ್ 11 ಪಟ್ಟಿಯಲ್ಲಿ ಇದೆಯಾ ಅಂತಲೂ ನೋಡಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್‌ಗೇ ಮುಗೀತು.

ಎಸ್‌ಪಿ ರೋಡ್ ಗಿರಾಕಿ:
ಇಂಟೆಲ್ 8ನೇ ಪೀಳಿಗೆ ಸ್ವಾಮಿ, ಪಟ್ಟಿಯಲ್ಲಿದೆ. ಓದಿಕೊಂಡು ಬನ್ನಿ.

ಹುಬ್ಬಳ್ಳಿ ಲೆಕ್ಕ:
ಜಗಳ ಆಮ್ಯಾಲೆ ಮಾಡ್ರಿ, ನನ್ನ ಕಥಿ ಕೇಳ್ರಿ. ನಾ ಅಕೌಂಟ್ಸ್ ಕೆಲಸ ಮಾಡಾಕಿ. ಮನ್ಯಾಗಿನವರು ಪ್ರೀತಿಲೆ ಒಂದು ತೆಳ್ಳನ್ದು ತಂದುಕೊಟ್ರು, ಬೆಳ್ಳಿ ಬಣ್ಣದ್ದು, ನೋಡಾಕ ಭಾಳ ಚಂದ. ಎರಡು ಟೈಪ್-ಸಿ, ಒಂದು ಇಯರ್‌ಫೋನ್ ಪೋರ್ಟು. ಮುಗೀತು. ಡಿಜಿಟಲ್ ಸಹಿ ಟೋಕನ್ ಹಳೇ ಅಗಲ ಯುಎಸ್‌ಬಿದ್ದು, ಅದನ್ನ ಎಲ್ಲಿ ಚುಚ್ಚೋದು? ಹಬ್ ತರಿಸಿದೆ, 899. 20ನೇ ತಾರೀಖು, ಒಂದು ಪ್ರೈವೇಟ್ ಲಿಮಿಟೆಡ್‌ದು ಜಿಎಸ್‌ಟಿ ರಿಟರ್ನ್ 3ಬಿ ಫೈಲ್ ಮಾಡೂದಿತ್ತು, ರಾತ್ರಿ 10 ದಾಟಿತ್ತು. ‘ಟೋಕನ್ ಸಿಗಲಿಲ್ಲ’ ಅಂತ ಬರಾಕ ಹತ್ತಿತು. ಹಬ್ ತಗದು ಹಾಕಿದ್ರ ಒಮ್ಮೆ ದೀಪ ಹತ್ತತೈತಿ, ಪಿನ್ ಹೊಡಿಯೂದ್ರಾಗ ಆರತೈತಿ. ಬೆರಳಿಲೆ ಅಮುಕಿ ಹಿಡಕೊಂಡು ಕುಂತೆ. ಕಡೀಕ ಅಟ್ಟದ ಮ್ಯಾಲಿನ ಹಳೇ ದಪ್ಪ ಲ್ಯಾಪ್‌ಟಾಪ್ ಇಳಿಸಿ, ಅದು ಅಪ್‌ಡೇಟ್ ಮುಗಿಸೂ ತನಕ ಕಾದು, 11:40ಕ್ಕ ಸಹಿ ಬಿತ್ತು. ತಪ್ಪಿದ್ರ ದಿನಕ್ಕ 50 ಲೇಟ್ ಫೀ, ಮ್ಯಾಲೆ 18% ಬಡ್ಡಿ, ಎಲ್ಲಕ್ಕಿಂತ ಹೆಚ್ಚು ಪಾರ್ಟಿ ಕಡಿಂದ ಬೈಗಳ. ನಂಬರ್ ಪ್ಯಾಡೂ ಇಲ್ಲ, ಅದಕ್ಕ ಬ್ಯಾರೆ 750. ಈಗ ಆ ಚಂದನ್ದ್ರಾಗ ಮಗಳು ಸಿನಿಮಾ ನೋಡತಾಳ.

ಕಲಬುರಗಿ ಬಿಸಿಲು:
899ರ ಹಬ್ ತಗೊಂಡು ಲ್ಯಾಪ್‌ಟಾಪ್‌ಗೆ ಬೈದ್ರ ಹೆಂಗ ಅಕ್ಕಾರ?

ಹುಬ್ಬಳ್ಳಿ ಲೆಕ್ಕ:
ನೀವು 6,300 ಡಾಂಗಲ್‌ಗೆ ಹಾಕೀರಿ ತಮ್ಮಾ. ನನ್ನ ಹಳೇದ್ರಾಗ ಅವೆಲ್ಲಾ ಪುಕ್ಕಟೆ ಇದ್ದವು.

ವಾಟ್ ವೆಂಕ:
ಹಿಂಜು, ಡಾಂಗಲ್ ಎರಡೂ ಹೊರಗಿನ ಮಾತು. ತೆಳುವಾದ್ದರ ಅಸಲಿ ಸಂಕಟ ಶಾಖ. ನಾನು ಕಾಗದದ ಮೇಲೆ ‘ಕೋರ್ ಐ5’ ನೋಡಿ ತಂದೆ, 1235ಯು. ಇಂಟೆಲ್ ಲೆಕ್ಕದಲ್ಲಿ ಅದಕ್ಕೆ ಮೂಲ 15 ವಾಟ್, ಟರ್ಬೊದಲ್ಲಿ, ಅಂದರೆ ಸ್ವಲ್ಪ ಹೊತ್ತಿನ ಜೋರು ಓಟದಲ್ಲಿ, 55 ವಾಟ್. ಅಂಗಡಿಯಲ್ಲಿ ಐದು ನಿಮಿಷ ಒತ್ತಿ ನೋಡಿದರೆ ಟರ್ಬೊ ಆಟ ಕಾಣುತ್ತೆ, ಮರುಳಾಗ್ತೀವಿ. ಮನೆಗೆ ತಂದು ಕೋಡ್ ಕಂಪೈಲ್ ಹಾಕಿದೆ: ಅರ್ಧ ನಿಮಿಷ ಹಾರಾಡಿ ಆಮೇಲೆ 15ರ ಆಸುಪಾಸು ಕೂತುಬಿಡ್ತು. ಬೆರಳಗಲದ ಶಾಖನಾಳ, ಒಂದು ಪುಟ್ಟ ಫ್ಯಾನು, ಇನ್ನೇನು ಮಾಡುತ್ತೆ ಪಾಪ. ತಮ್ಮನ ದಪ್ಪ ಮಷೀನು ಅದೇ ಚಿಪ್‌ನಲ್ಲಿ ಅದೇ ಕೆಲಸ ನನಗಿಂತ ಬೇಗ ಮುಗಿಸುತ್ತೆ. ಥರ್ಮಲ್ ಪೇಸ್ಟ್ ಬದಲಿಸಿದೆ, 650. ಕೂಲಿಂಗ್ ಪ್ಯಾಡ್, 1,899. ತಳದ ಜಾಲರಿ ಇರುವುದೇ ಅಂಗೈ ಅಗಲ, ಕೆಳಗಿನಿಂದ ಊದಿ ಪ್ರಯೋಜನ ಅಷ್ಟಕ್ಕಷ್ಟೇ. ಹಾಸಿಗೆ ಮೇಲಿಟ್ಟರೆ ಅದೂ ಮುಚ್ಚಿಹೋಗುತ್ತೆ.

ಇನ್ನು ಬೆಸುಗೆ ರ‍್ಯಾಮ್ ಅಂದ ತಕ್ಷಣ ಮೋಸ ಅಂತ ಕೂಗೋರಿಗೆ ಒಂದು ಮಾತು. ತೆಳುವಾದ್ದರಲ್ಲಿ ಬರೋದು ಎಲ್‌ಪಿಡಿಡಿಆರ್ ಅನ್ನೋ ಬಗೆಯ ಮೆಮೊರಿ. ಕಡಿಮೆ ವೋಲ್ಟೇಜ್, ಹೆಚ್ಚು ವೇಗ, ಸ್ಟ್ಯಾಂಡ್‌ಬೈನಲ್ಲಿ ಬ್ಯಾಟರಿ ಹೆಚ್ಚು ತಿನ್ನೋದಿಲ್ಲ. ಪ್ರೊಸೆಸರ್ ಪಕ್ಕದಲ್ಲೇ ಇರಬೇಕು, ಮಾಮೂಲಿ ಸ್ಲಾಟಿಗೆ ಬರಲ್ಲ. 2024ರ ಇಂಟೆಲ್ ಲೂನಾರ್ ಲೇಕ್‌ನಲ್ಲಂತೂ ಪ್ರೊಸೆಸರ್ ಪ್ಯಾಕೇಜಿನ ಮೇಲೇ ಕೂರಿಸಿಬಿಟ್ಟರು, 16 ಜಿಬಿ ಅಥವಾ 32 ಜಿಬಿ, ಅಷ್ಟೇ.

ಎಸ್‌ಪಿ ರೋಡ್ ಗಿರಾಕಿ:
ಪಾಠ ಆಯ್ತಾ? ನನ್ನ ತಂಗಿಯದರಲ್ಲಿ ಆ ಬೆಸುಗೆ ಚಿಪ್ ಒಂದು ಕೆಟ್ಟಿತು. ಮದರ್‌ಬೋರ್ಡೇ ಬದಲಿಸಬೇಕು ಅಂದರು, 31,000. ಸ್ಲಾಟ್ ಇದ್ದಿದ್ದರೆ ಎರಡು ಸಾವಿರದ ಕೆಲಸ. ಕಂಪನಿ ಪರ ವಕಾಲತ್ತು ಹಾಕೋಕೆ ಎಷ್ಟು ಕೊಡ್ತಾರೆ ನಿಮಗೆ?

ವಾಟ್ ವೆಂಕ:
ಯಾಕೆ ಬೆಸುಗೆ ಹಾಕ್ತಾರೆ ಅಂತ ಹೇಳಿದರೆ ವಕಾಲತ್ತಾ? ಎಲ್‌ಪಿಕ್ಯಾಮ್2 ಅಂತ ಬಿಚ್ಚಿ ಹಾಕೋ ಎಲ್‌ಪಿಡಿಡಿಆರ್ ಈಗ ಬಂದಿದೆ, 2024ರಲ್ಲಿ ಲೆನೊವೊದ ಥಿಂಕ್‌ಪ್ಯಾಡ್ ಪಿ1 ಲ್ಯಾಪ್‌ಟಾಪ್‌ಗೆ ಹಾಕಿದರು. ಆದರೆ ಅದರ ಬೆಲೆಗೆ ನಿಮ್ಮ ರಿಫರ್ಬಿಶ್ಡ್ ಐದಾರು ಬರ್ತವೆ.

ಕುಡ್ಲದ ಮಳೆ:
ಎಲ್ಲರೂ ಬ್ಯಾಟರಿ ಬಿಟ್ರಲ್ಲ ಮಾರಾಯ್ರೆ. ನನ್ನದು ಮನೆಯಿಂದಲೇ ಕೆಲಸ, ಇಡೀ ದಿನ ಚಾರ್ಜಿಗೆ ಹಾಕಿಯೇ ಇಡುವುದು. ಒಂದು ದಿನ ಟಚ್‌ಪ್ಯಾಡ್ ಕ್ಲಿಕ್ ಆಗ್ಲಿಕ್ಕೆ ಇಲ್ಲ. ಮೇಜಿನ ಮೇಲೆ ಇಟ್ಟರೆ ಲ್ಯಾಪ್‌ಟಾಪ್ ಅಲ್ಲಾಡ್ತದೆ. ಎಂತ ಅಂತ ನೋಡಿದರೆ ಬ್ಯಾಟರಿ ಉಬ್ಬಿ ಮೇಲಿನಿಂದ ಟಚ್‌ಪ್ಯಾಡ್, ಕೆಳಗಿನಿಂದ ತಳ, ಎರಡನ್ನೂ ನೂಕಿದೆ. ತೆಳುವಾದ್ದರಲ್ಲಿ ಚಪ್ಪಟೆ ಪೌಚ್ ಸೆಲ್ಲು, ಉಬ್ಬಲಿಕ್ಕೆ ಜಾಗವೇ ಇಲ್ಲ. ಕೂಡಲೇ ಆಫ್ ಮಾಡಿ ಅಂಗಳದಲ್ಲಿಟ್ಟೆ, ಮನೆಯವರಿಗೆ ಹೆದರಿಕೆ. ಹೊಸ ಬ್ಯಾಟರಿ 7,400, ಟಚ್‌ಪ್ಯಾಡ್ ಬಗ್ಗಿದ್ದಕ್ಕೆ 3,100, ಕೂಲಿ 800. ಪಾರ್ಟು ಬರ್ಲಿಕ್ಕೆ ಒಂದು ತಿಂಗಳ ಮೇಲೆ ಹೋಯಿತು, ಅಷ್ಟು ದಿನ ಬಾಡಿಗೆ ಲ್ಯಾಪ್‌ಟಾಪ್, ಅದು 2,500. ಒಟ್ಟು 13,800. ಈಗ 80ಕ್ಕೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಹಾಕಿದ್ದೇನೆ. ಸುಮಾರು ಎಲ್ಲ ಕಂಪನಿಯದರಲ್ಲೂ ಅದು ಉಂಟು, ಯಾರೂ ಹೇಳುವುದಿಲ್ಲ.

ಮತ್ತೊಂದು. ಲೋಹದ ಮೈ, ಎರಡು ಪಿನ್ನಿನ ಚಾರ್ಜರ್ ಆದರೆ ಅಂಗೈ ಇಟ್ಟಲ್ಲಿ ಜುಮ್ ಅನ್ನುತ್ತದೆ, ಮಳೆಗಾಲದಲ್ಲಿ ಜಾಸ್ತಿ. ಅರ್ಥ್ ಇಲ್ಲದ್ದಕ್ಕೆ ಹಾಗೆ. ಮೂರು ಪಿನ್ನಿನ ಕೇಬಲ್ ಹಾಕಿದ ಮೇಲೆ ನಿಂತಿತು.

ಭದ್ರಾವತಿ ಮೇಷ್ಟ್ರು:
ಎಲ್ಲರಿಗೂ ಧನ್ಯವಾದ. ಆದರೆ ನನ್ನ ಪ್ರಶ್ನೆ: 16 ಜಿಬಿ ಬೆಸುಗೆ ರ‍್ಯಾಮ್ ನನ್ನ ಕೆಲಸಕ್ಕೆ ಐದು ವರ್ಷ ಸಾಕಾಗುತ್ತಾ? ಮತ್ತೆ, ಮ್ಯಾಕ್‌ನಲ್ಲಿ ನುಡಿ ನಡೆಯುತ್ತಾ?

ಯೂನಿಕೋಡ್ ಬಂಟ:
ನುಡಿ ವಿಂಡೋಸ್‌ನದು. ಆದರೆ ನುಡಿ ಯಾಕೆ ಬೇಕು ಇನ್ನೂ? ಮ್ಯಾಕ್, ವಿಂಡೋಸ್ ಎರಡರಲ್ಲೂ ಕನ್ನಡ ಕೀಬೋರ್ಡ್ ಒಳಗೇ ಇದೆ. ನಾನು ಎಲ್ಲಾ ಯೂನಿಕೋಡ್‌ಗೆ (ಯಾವ ಕಂಪ್ಯೂಟರ್‌ನಲ್ಲೂ ಓದಿಸಿಕೊಳ್ಳೋ ಅಕ್ಷರ ಸಂಕೇತಕ್ಕೆ) ಬದಲಿಸಿ ಎಷ್ಟೋ ವರ್ಷ ಆಯ್ತು, ಹಳೇ ಫೈಲುಗಳನ್ನ ಕನ್ವರ್ಟ್ ಮಾಡಿ ಒತ್ತಕ್ಷರ ತಿದ್ದಿ ತಿದ್ದಿ ಕಣ್ಣು ಹೋಯ್ತು, ಆದರೂ ಮಾಡಿದೆ. ನಿಮ್ಮಂಥ ಮೇಷ್ಟ್ರುಗಳೇ ನುಡಿಯ ಹಳೇ ಆಸ್ಕಿ ಫಾಂಟ್ ಹಿಡಿದು ಕೂತರೆ ಕನ್ನಡ ಮುಂದೆ ಹೋಗೋದು ಹೇಗೆ?

ಹುಬ್ಬಳ್ಳಿ ಲೆಕ್ಕ:
ಅವರು ಕುಂತಿಲ್ರಿ, ಪ್ರಿಂಟ್ ಹಾಕಾಂವ ಕುಂತಾನ. ಪ್ರೆಸ್‌ನವ ನುಡಿ ಫೈಲೇ ಕೊಡ್ರಿ ಅಂತಾನ. ನೀವು ಹೋಗಿ ಅವಂಗ ಹೇಳ್ರಿ.

ಯೂನಿಕೋಡ್ ಬಂಟ:
ನುಡಿಯ ಹೊಸ ಆವೃತ್ತಿಯಲ್ಲೂ ಯೂನಿಕೋಡ್ ಬರುತ್ತೆ, ಪ್ರೆಸ್‌ನವನಿಗೆ ಕಲಿಯೋ ಮನಸ್ಸಿಲ್ಲ ಅಷ್ಟೇ.

ಕಲಬುರಗಿ ಬಿಸಿಲು:
ಪ್ಯಾರಲಲ್ಸ್ ಅನ್ನೂ ಸಾಫ್ಟ್‌ವೇರ್ ಹಾಕಿ ಮ್ಯಾಕ್‌ನಾಗ ವಿಂಡೋಸ್ ಓಡಿಸಬಹುದು ಸರ್.

ವಾಟ್ ವೆಂಕ:
ವರ್ಷ ವರ್ಷ ಚಂದಾ ಕಟ್ಟಿ, ಎಂ1ನ 8 ಜಿಬಿಯಲ್ಲಿ ವಿಂಡೋಸೂ ಓಡಿಸಿ ಪ್ರಶ್ನೆಪತ್ರಿಕೆ ಟೈಪ್ ಮಾಡೋದಾ? ಮೇಷ್ಟ್ರೇ, ಮ್ಯಾಕ್ ಬಿಡಿ. ಸ್ನ್ಯಾಪ್‌ಡ್ರಾಗನ್ ಚಿಪ್ ಇರೋ ವಿಂಡೋಸ್ ಲ್ಯಾಪ್‌ಟಾಪ್ ಕೂಡ ಬಿಡಿ. ಬ್ಯಾಟರಿ ಚೆನ್ನಾಗಿ ಬರುತ್ತೆ, ಆದರೆ ಹಳೇ ಪ್ರಿಂಟರ್‌ಗೆ ಅದರ ಡ್ರೈವರ್ ಸಿಗದೆ ಒದ್ದಾಡ್ತೀರಿ. ನಿಮ್ಮ ಕೆಲಸಕ್ಕೆ 16 ಸಾಕು. ಪರದೆ ನೋಡಿ. ಈ ಬೆಲೆಯಲ್ಲಿ 250 ನಿಟ್ಸ್ (ಪರದೆ ಬೆಳಕಿನ ಅಳತೆ) ಹಾಕಿ ಕೈ ತೊಳೆದುಕೊಳ್ತಾರೆ, ಬಸ್ಸಿನ ಕಿಟಕಿ ಪಕ್ಕ ನಿಮ್ಮ ಮುಖ ಮಾತ್ರ ಕಾಣುತ್ತೆ. 400 ಇದ್ದರೆ ಒಳ್ಳೇದು.

ಭದ್ರಾವತಿ ಮೇಷ್ಟ್ರು:
ನಿನ್ನೆ ಅಂಗಡಿಗೆ ಹೋಗಿದ್ದೆ. ಒಂದು 1.25 ಕೆಜಿ, 400 ನಿಟ್ಸ್, ಎಲ್ಲಾ ಬೆಸುಗೆ, ಎರಡು ಟೈಪ್-ಸಿ, ಒಂದು ಎಚ್‌ಡಿಎಂಐ, 68,500. ಇನ್ನೊಂದು 1.4 ಕೆಜಿ, 8 ಜಿಬಿ ಬೆಸುಗೆ ಮತ್ತು ಒಂದು ಖಾಲಿ ಸ್ಲಾಟ್, ಹಳೇ ಯುಎಸ್‌ಬಿ ಎರಡು, ಪರದೆ 300 ನಿಟ್ಸ್, 61,000. ಎರಡನೆಯದರ ಮುಚ್ಚಳ ಒಂದು ಮೂಲೆ ಹಿಡಿದು ಎತ್ತಿದರೆ ತಿರುಚಿಕೊಳ್ಳುತ್ತೆ. ಮೊದಲನೆಯದು ಗಟ್ಟಿ ಅನ್ನಿಸಿತು.

ಹಿಂಜ್ ಹೋದವನು:
ಎರಡಕ್ಕೂ ಆಕ್ಸಿಡೆಂಟಲ್ ಡ್ಯಾಮೇಜ್ ಕವರ್ ಎಷ್ಟು ಅಂತ ಕೇಳಿ, ಹಿಂಜ್ ಬರುತ್ತಾ ಅಂತ ಬರೆಸಿಕೊಳ್ಳಿ. ಬಾಯಿಮಾತು ಬೇಡ. ತೆರೆಯುವಾಗ ನಡುವೆ ಹಿಡಿದೇ ತೆರೆಯಿರಿ.

ಕಲಬುರಗಿ ಬಿಸಿಲು:
1.4 ಕೆಜಿ ತೆಳು ಅಲ್ರಿ. 2008ರಾಗ ಸ್ಟೀವ್ ಜಾಬ್ಸ್ ಲಕೋಟೆಯಿಂದ ತಗದ ಮೊದಲ ಮ್ಯಾಕ್‌ಬುಕ್ ಏರೇ 1.36 ಕೆಜಿ ಇತ್ತು.

ಹುಬ್ಬಳ್ಳಿ ಲೆಕ್ಕ:
ಲಕೋಟೆಯಾಗ ಟೋಕನ್ ಎಲ್ಲಿ ಚುಚ್ಚತಿದ್ರು ಕೇಳ್ರಿ. ಮಾಸ್ತರ, ಎರಡನೇದು ತಗೋರಿ, ಹಳೇ ಯುಎಸ್‌ಬಿ ಎರಡದಾವ.

ಎಸ್‌ಪಿ ರೋಡ್ ಗಿರಾಕಿ:
68 ಸಾವಿರ ಯಾಕೆ ಸುರೀತೀರಿ ಸಾರ್. 14 ಇಂಚು, 1.6 ಕೆಜಿ, 16 ಜಿಬಿ, ಎರಡು ಸ್ಲಾಟ್, ಒಂದೇ ಒಂದು ಪೀಸ್ ಉಳಿದಿದೆ, 29,000. ಬೇಕಾದರೆ ಮೆಸೇಜ್ ಮಾಡಿ, ಶಿವಮೊಗ್ಗ ಬಸ್ಸಿಗೆ ಹಾಕಿಸ್ತೀನಿ.

ಹಿಂಜ್ ಹೋದವನು:
ಓಹೋ! ಇದಕ್ಕೇನಾ ಇಷ್ಟು ಹೊತ್ತಿನ ಭಾಷಣ?

ಎಸ್‌ಪಿ ರೋಡ್ ಗಿರಾಕಿ:
ನಂದಲ್ಲ, ನಮ್ಮ ಭಾವನ ಅಂಗಡಿದು. ಬ್ಯಾಟರಿ ಒರಿಜಿನಲ್ಲೇ, ಲೇಬಲ್ ಫೋಟೋ ಕಳಿಸ್ಲಾ?