ಒಂಬತ್ತು ವರ್ಷ ಸಂಘ ನಡೆಸಿದ ಕಾರ್ಯದರ್ಶಿಗೆ ಸತ್ಕಾರ: ಶಾಲು-ಹಾರದ ಆಚೆ ಏನು ಮಾಡಬಹುದು?

ಪ್ರಶ್ನೆ: ಧಾರವಾಡದ ಆಡಿಯಾಲಜಿಸ್ಟ್

ಎಲ್ಲರಿಗೂ ನಮಸ್ಕಾರ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಸ್ಪೀಚ್ ಥೆರಪಿಸ್ಟರು (ಮಾತಿನ ತೊಂದರೆಗೆ ಚಿಕಿತ್ಸೆ ಕೊಡುವವರು) ಮತ್ತು ಆಡಿಯಾಲಜಿಸ್ಟರು (ಕಿವಿ ಎಷ್ಟು ಕೇಳುತ್ತದೆಂದು ಪರೀಕ್ಷಿಸುವವರು) ಸೇರಿ ಕಟ್ಟಿಕೊಂಡಿರುವ ನಮ್ಮ ಚಿಕ್ಕ ಸಂಘಕ್ಕೆ ಒಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಬರುವ ಸರ್ವ ಸದಸ್ಯರ ಸಭೆಯಲ್ಲಿ ಆ ಹೊಣೆಯನ್ನು ಬಿಟ್ಟುಕೊಡಲಿದ್ದಾರೆ. ಈ ಒಂಬತ್ತು ವರ್ಷದಲ್ಲಿ ಅವರು ಸಂಘದಿಂದ ಒಂದು ರೂಪಾಯಿ ಗೌರವಧನವನ್ನೂ ತೆಗೆದುಕೊಂಡಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ತಮ್ಮ ಆಸ್ಪತ್ರೆಯ ಕೆಲಸ ಮುಗಿಸಿ, ರಾತ್ರಿ ಕುಳಿತು ನಡಾವಳಿ ಬರೆದು, ಮಾರ್ಚ್ 3ರ ವಿಶ್ವ ಶ್ರವಣ ದಿನಕ್ಕೆ ಶಾಲೆಗಳಿಂದ ಅನುಮತಿ ಪಡೆದು, ಏಪ್ರಿಲ್ 16ರ ವಿಶ್ವ ಧ್ವನಿ ದಿನಕ್ಕೆ ಶಿಕ್ಷಕರನ್ನು ಕೂಡಿಸಿ ಸಂಘವನ್ನು ನಡೆಸಿಕೊಂಡು ಬಂದಿದ್ದಾರೆ.

ಶಾಲು, ಹಾರ, ಹಣ್ಣಿನ ಬುಟ್ಟಿ ಮತ್ತು ಒಂದು ಸ್ಮರಣಿಕೆ ಕೊಟ್ಟರೆ ಸಾಕೆಂದು ಕಾರ್ಯಕಾರಿ ಸಮಿತಿಯಲ್ಲಿ ಮಾತು ಬಂದಿದೆ. ನನಗೆ ಅದು ಕಡಿಮೆ ಎನಿಸುತ್ತದೆ. ಶಾಲಿನ ಬಗ್ಗೆ ನನಗೆ ಅಗೌರವವಿಲ್ಲ, ಆದರೆ ನಮ್ಮ ಊರುಗಳಲ್ಲಿ ಮುಖ್ಯ ಅತಿಥಿಗೂ ಅದೇ ಶಾಲು, ಪ್ರಾಯೋಜಕರಿಗೂ ಅದೇ ಶಾಲು. ಒಂಬತ್ತು ವರ್ಷ ದುಡಿದವರಿಗೂ ಅದನ್ನೇ ಹೊದಿಸಿದರೆ ಅವರು ಏನು ಮಾಡಿದರು ಎಂಬುದು ಸಭೆಗೆ ತಿಳಿಯುವುದೇ ಇಲ್ಲ. ಪ್ರತಿ ವರ್ಷ ಒಬ್ಬ ಸ್ವಯಂಸೇವಕರಿಗೆ ಸಂಘದ ಗೌರವ ಸಲ್ಲಿಸುವ ಪದ್ಧತಿಯನ್ನು ಇವರಿಂದಲೇ ಆರಂಭಿಸಬೇಕೆಂಬುದು ನನ್ನ ಆಸೆ. ಆಯ್ಕೆ ಹೇಗಿರಬೇಕು, ಯಾರು ಮಾಡಬೇಕು, ಮನಸ್ತಾಪ ಬಾರದಂತೆ ಏನು ನೋಡಿಕೊಳ್ಳಬೇಕು ಎಂಬುದನ್ನು ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ 1: ಹುಬ್ಬಳ್ಳಿಯ ನಿವೃತ್ತ ವಾಕ್ ಚಿಕಿತ್ಸಕ, ಹಿಂದೊಮ್ಮೆ ಸಂಘವೊಂದರ ಖಜಾಂಚಿ

ಮೇಡಂ ಅವರೇ, ಮೊದಲು ಠರಾವು ಮಾಡಿರಿ. ಗೌರವ ಯಾರಿಗೆ, ಯಾವ ಕೆಲಸಕ್ಕೆ, ಯಾರು ಹೆಸರು ಸೂಚಿಸಬಹುದು ಎಂಬುದು ಸರ್ವ ಸದಸ್ಯರ ಸಭೆಯ ನಡಾವಳಿ ಪುಸ್ತಕದಲ್ಲಿ ಬರದೇ ಹೋದರೆ, ಮುಂದಿನ ಸಮಿತಿ ಬಂದಾಗ ಅದು ಆ ವರ್ಷದ ಅಧ್ಯಕ್ಷರ ಇಷ್ಟದಂತೆ ನಡೆಯುವ ಕಾರ್ಯಕ್ರಮವಾಗುತ್ತದೆ. ಹೆಸರು ಸೂಚಿಸುವ ಹಕ್ಕು ಯಾವುದೇ ಸದಸ್ಯರಿಗೆ ಇರಲಿ, ಸೂಚಿಸುವವರು ಒಂದು ಪುಟದಲ್ಲಿ ಕಾರಣ ಬರೆದುಕೊಡಲಿ, ಮತ್ತು ಆಯ್ಕೆ ಮಾಡುವ ಮೂವರಲ್ಲಿ ಆ ವರ್ಷದ ಪದಾಧಿಕಾರಿಗಳು ಯಾರೂ ಇರದಿರಲಿ. ಯೋಗ್ಯರು ಸಿಗದ ವರ್ಷ ಕೊಡುವುದೇ ಬೇಡ. ಪಾಳಿಯ ಮೇಲೆ ಹಂಚಿದ ಗೌರವಕ್ಕೆ ನಾಲ್ಕೇ ವರ್ಷದಲ್ಲಿ ಬೆಲೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಮಾತನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಈ ಗೌರವದ ಖರ್ಚನ್ನು ಶ್ರವಣ ಸಾಧನ ಮಾರುವ ಕಂಪನಿಗಳಿಂದ ತೆಗೆದುಕೊಳ್ಳಬೇಡಿರಿ. ನಾನು ಖಜಾಂಚಿಯಾಗಿದ್ದಾಗ ಒಂದು ಸಲ ಅಂಥ ನೆರವನ್ನು ಒಪ್ಪಿಕೊಂಡೆವು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಯಂತ್ರದ ಚಿತ್ರ ದೊಡ್ಡದಾಗಿತ್ತು, ಸತ್ಕಾರ ಪಡೆದವರ ಹೆಸರು ಕೆಳಗೆ ಮೂಲೆಯಲ್ಲಿ ಸಣ್ಣದಾಗಿತ್ತು, ಮತ್ತು ಅವರು ಅದೇ ಕಂಪನಿಯ ಯಂತ್ರಗಳನ್ನೇ ರೋಗಿಗಳಿಗೆ ಬರೆದುಕೊಡುತ್ತಾರೆಂಬ ಸುಳ್ಳು ಮಾತು ವರ್ಷಗಟ್ಟಲೆ ಓಡಾಡಿತು. ಒಪ್ಪಿಗೆಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ ಎಂಬ ನೋವು ಇನ್ನೂ ಹೋಗಿಲ್ಲ. ಸದಸ್ಯರೇ ತಲಾ ಸ್ವಲ್ಪ ಹಾಕಿದರೆ ಸಾಕಾಗುವಷ್ಟು ಸರಳವಾಗಿರಲಿ.

ಧಾರವಾಡಕ್ಕೆ ಸಂಘ ನಡೆಸುವುದನ್ನು ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ರಾ. ಹ. ದೇಶಪಾಂಡೆಯವರು 1890ರಲ್ಲಿ ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ನಿಮ್ಮ ಊರಿನಲ್ಲೇ ಇದೆ. ಪಗಾರವಿಲ್ಲದೆ ಕಾಗದಪತ್ರ ನೋಡಿಕೊಂಡ ತಲೆಮಾರುಗಳ ಬಲದಿಂದಲೇ ಅಂಥ ಸಂಸ್ಥೆಗಳು ನಿಂತಿವೆ.

ಉತ್ತರ 2: ಗದಗಿನ ಆಡಿಯಾಲಜಿಸ್ಟ್

ಹಿರಿಯರು ಹೇಳಿದ ಠರಾವಿನ ಮಾತು ಸರಿ. ಆದರೆ ಕಾರಣ ಬರೆಯುವ ಆ ಒಂದು ಪುಟದಲ್ಲಿ ಏನು ಬರೆಯಬೇಕು ಎಂಬುದೇ ನನಗೆ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ. "ಸಂಘಕ್ಕೆ ಅಮೂಲ್ಯ ಸೇವೆ ಸಲ್ಲಿಸಿದ್ದಾರೆ" ಎಂಬ ವಾಕ್ಯ ಎಲ್ಲ ಮಾನಪತ್ರಗಳಲ್ಲೂ ಇರುತ್ತದೆ. ನೀವು ಹೇಳುತ್ತಿರುವ ಕಾರ್ಯದರ್ಶಿಯವರೊಂದಿಗೆ ರೋಣ ತಾಲ್ಲೂಕಿನ ಒಂದು ಶಾಲೆಯ ತಪಾಸಣಾ ಶಿಬಿರದಲ್ಲಿ ನಾನು ಕೆಲಸ ಮಾಡಿದ್ದೇನೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಬೆಳಿಗ್ಗೆ ಮಕ್ಕಳು ಬರುವ ಮೊದಲೇ ಅವರು ಕಿವಿಯ ಕೇಳುವಿಕೆಯನ್ನು ಅಳೆಯುವ ಯಂತ್ರವಾದ ಆಡಿಯೋಮೀಟರಿನ ಹೆಡ್‌ಫೋನನ್ನು ತಮ್ಮ ಕಿವಿಗೇ ಹಾಕಿಕೊಂಡು ಒಂದೊಂದೇ ಆವರ್ತನವನ್ನು ಕೇಳಿ ನೋಡಿದರು. ತಮ್ಮ ಶ್ರವಣಮಟ್ಟ ಎಷ್ಟೆಂದು ಅವರಿಗೆ ಗೊತ್ತಿರುವುದರಿಂದ, ಯಂತ್ರ ತಪ್ಪಿದ್ದರೆ ಅಥವಾ ಕೋಣೆಯಲ್ಲಿ ಸದ್ದು ಹೆಚ್ಚಿದ್ದರೆ ಅಲ್ಲಿಯೇ ತಿಳಿಯುತ್ತದೆ. ಆ ದಿನ 500 ಹರ್ಟ್ಸಿನ ಸ್ವರ ಅವರಿಗೇ ಸರಿಯಾಗಿ ಕೇಳಲಿಲ್ಲ. ಫ್ಯಾನು ಆರಿಸಿ ಕಿಟಕಿ ಮುಚ್ಚಿದರೂ ಕೇಳಲಿಲ್ಲ. ಗೋಡೆಯ ಆಚೆ ಹಿಟ್ಟಿನ ಗಿರಣಿ ನಡೆಯುತ್ತಿತ್ತು. ನಮ್ಮಲ್ಲಿ ಒಬ್ಬರು, ಈ ಸದ್ದಿನಲ್ಲೇ ಸ್ವಲ್ಪ ಜೋರಾಗಿ ಕೇಳಿಸಿ ಮುಗಿಸೋಣ ಎಂದರು. ಹಾಗೆ ಮಾಡಿದರೆ ಸಣ್ಣ ಪ್ರಮಾಣದ ಕಿವುಡು ಇರುವ ಮಗು ನಮ್ಮ ಕೈತಪ್ಪಿ ಹೋಗುತ್ತದೆ ಎಂದು ಹೇಳಿ, ಅವರು ಗಿರಣಿಗೆ ನಡೆದು ಹೋಗಿ ಮಾಲೀಕರಿಗೆ ವಿಷಯ ತಿಳಿಸಿದರು. ಕಾಳು ಹೊತ್ತು ಸಾಲಿನಲ್ಲಿ ನಿಂತ ಜನರಿದ್ದರೂ ಆ ಯಜಮಾನರು ಎರಡು ತಾಸು ಗಿರಣಿ ನಿಲ್ಲಿಸಿದರು. ವರದಿಯಲ್ಲಿ ಬಂದದ್ದು ಎಷ್ಟು ಮಕ್ಕಳ ತಪಾಸಣೆಯಾಯಿತು ಎಂಬ ಸಂಖ್ಯೆ ಮಾತ್ರ. ಮಾನಪತ್ರದಲ್ಲಿ ಗಿರಣಿಯ ಮಾತು ಬರಲಿ ಎಂಬುದು ನನ್ನ ಕೋರಿಕೆ.

ಒಂದು ಭಿನ್ನಾಭಿಪ್ರಾಯವೂ ಇದೆ. ಹುದ್ದೆಯಲ್ಲಿದ್ದವರಿಗಷ್ಟೇ ಈ ಗೌರವ ಮೀಸಲಾಗಬಾರದು. ಶಿಬಿರದ ಹಿಂದಿನ ದಿನ ಯಂತ್ರಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುವ ಕಿರಿಯ ಸದಸ್ಯರೂ ಮುಂದಾಳುಗಳೇ.

ಉತ್ತರ 3: ಹಾವೇರಿಯಿಂದ ಒಬ್ಬ ತಾಯಿ

ನಾನು ಈ ವೃತ್ತಿಯವಳಲ್ಲ, ಆದರೂ ಬರೆಯಬೇಕೆನಿಸಿತು. ನನ್ನ ಮಗ ಎರಡೂ ಕಿವಿಗೆ ಯಂತ್ರ ಹಾಕುತ್ತಾನೆ. ಮಗು ಬೆಳೆದಂತೆ ಕಿವಿಯೂ ಬೆಳೆಯುವುದರಿಂದ ಇಯರ್ ಮೋಲ್ಡ್ (ಕಿವಿಯ ಅಳತೆಗೆ ಮಾಡಿಸಿ ಯಂತ್ರಕ್ಕೆ ಜೋಡಿಸುವ ಅಚ್ಚು) ಸಡಿಲಾಗಿ ಯಂತ್ರ ಸೀಟಿ ಹೊಡೆಯತೊಡಗುತ್ತದೆ, ಆಗ ಅವನು ಕಿತ್ತು ಒಗೆಯುತ್ತಾನೆ. ಪ್ರತಿ ಸಲ ಹುಬ್ಬಳ್ಳಿಗೆ ಎರಡು ಸರ್ತಿ, ಅಳತೆಗೆ ಒಮ್ಮೆ, ತರಲು ಒಮ್ಮೆ, ದಿನಗೂಲಿ ಬಿಟ್ಟು ಹೋಗಬೇಕಾಗಿತ್ತು. ತಿಂಗಳಿಗೊಮ್ಮೆ ಹಾವೇರಿಯಲ್ಲೇ ಅಳತೆ ತೆಗೆದು, ಸಿದ್ಧವಾದದ್ದನ್ನು ಇಲ್ಲಿಗೇ ತಲುಪಿಸುವ ವ್ಯವಸ್ಥೆ ಮಾಡಿದವರು ಈ ಕಾರ್ಯದರ್ಶಿ ಅಕ್ಕಾವರು. ಅದು ಸಂಘದ ಕೆಲಸವೆಂದು ನನಗೆ ಗೊತ್ತಾದದ್ದೇ ಇವತ್ತು.

ಸಭೆಗೆ ನಮ್ಮಂಥ ಕುಟುಂಬಗಳನ್ನು ಕರೆಯುವುದಾದರೆ ದಯವಿಟ್ಟು ಒಂದು ವಿಷಯ ನೋಡಿಕೊಳ್ಳಿ. ಹಿಂದೆ ಬೇರೊಂದು ಊರಿನ ಸಮಾರಂಭದಲ್ಲಿ, ಕಿವಿ ಕೇಳದ ಯುವಕನೊಬ್ಬನ ಹೆಸರನ್ನು ಬಹುಮಾನಕ್ಕಾಗಿ ಮೈಕಿನಲ್ಲಿ ಮೂರು ಸಲ ಕೂಗಿದರು. ಅವನು ನಗುತ್ತ ಇತರರಿಗೆ ಚಪ್ಪಾಳೆ ತಟ್ಟುತ್ತಲೇ ಕುಳಿತಿದ್ದ. ಪಕ್ಕದವರು ಭುಜ ಮುಟ್ಟಿ ಹೇಳುವ ಹೊತ್ತಿಗೆ ಮುಂದಿನ ಹೆಸರು ಕೂಗಿಯಾಗಿತ್ತು. ಪರದೆಯ ಮೇಲೆ ಹೆಸರುಗಳು ಬರಲಿ, ಸನ್ನೆ ಭಾಷೆ ಬಲ್ಲವರೊಬ್ಬರು ವೇದಿಕೆಯ ಮೇಲೆ ಬೆಳಕಿನಲ್ಲಿ ನಿಲ್ಲಲಿ.

ಉತ್ತರ 4: ಅಮೆರಿಕದಲ್ಲಿ ಕೆಲವು ವರ್ಷ ಕೆಲಸ ಮಾಡಿ ಹುಬ್ಬಳ್ಳಿಗೆ ಮರಳಿದ ಸ್ಪೀಚ್ ಥೆರಪಿಸ್ಟ್

ಹೊರಗಿನ ಪದ್ಧತಿಯನ್ನು ಇದ್ದಂತೆ ತರಬೇಕೆಂದು ನಾನು ಹೇಳುವುದಿಲ್ಲ, ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. 1925ರಲ್ಲಿ ಆರಂಭವಾದ ಅಮೆರಿಕದ ವಾಕ್, ಭಾಷೆ ಮತ್ತು ಶ್ರವಣ ಸಂಘವಾದ ಆಶಾ ತನ್ನ ಸದಸ್ಯರಿಗೆ ಫೆಲೋ ಎಂಬ ಗೌರವ ಕೊಡುತ್ತದೆ. ಅದಕ್ಕೆ ಚಿಕಿತ್ಸೆ, ಬೋಧನೆ, ಸಂಶೋಧನೆಗಳ ಜೊತೆಗೆ ರಾಜ್ಯ ಮತ್ತು ಸ್ಥಳೀಯ ಸಂಘಗಳಲ್ಲಿ ಸಲ್ಲಿಸಿದ ಸೇವೆಯನ್ನೂ ಪರಿಗಣಿಸುತ್ತಾರೆ. ಅಲ್ಲಿನ ರಾಜ್ಯ ಸಂಘಗಳ ಅಧ್ಯಕ್ಷರಿಗೆ ಪರಸ್ಪರ ಕಲಿಯಲು ಪ್ರತ್ಯೇಕ ಮಂಡಳಿಯೇ ಇದೆ. ನನಗೆ ಮುಖ್ಯವೆನಿಸಿದ್ದು, ಸಂಘಸೇವೆಯನ್ನು ಅವರು ವೃತ್ತಿಯ ಒಂದು ಭಾಗವೆಂದೇ ಲೆಕ್ಕಕ್ಕೆ ಹಿಡಿಯುತ್ತಾರೆ ಎಂಬುದು. ನಮ್ಮಲ್ಲಿ 1965ರಲ್ಲಿ ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಆರಂಭವಾಯಿತು, ಅದರ ಬೆನ್ನಿಗೇ 1967ರಲ್ಲಿ ಅಖಿಲ ಭಾರತ ಮಟ್ಟದ ಸಂಘ ಇಷಾ ಹುಟ್ಟಿತು. ಆದರೂ ಜಿಲ್ಲೆಗಳಲ್ಲಿ ಸಂಘದ ಕೆಲಸವನ್ನು ಬಿಡುವಿನ ಹವ್ಯಾಸದಂತೆ ಕಾಣುವ ಉದ್ಯೋಗದಾತರೇ ಹೆಚ್ಚು.

ಆದ್ದರಿಂದ ಒಂದು ಸಲಹೆ: ಮಾನಪತ್ರದ ಪ್ರತಿಯೊಂದಿಗೆ ಅವರು ಕೆಲಸ ಮಾಡುವ ಆಸ್ಪತ್ರೆಯ ಮುಖ್ಯಸ್ಥರಿಗೆ ಸಂಘದ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆಯಿರಿ. ಶಿಬಿರಕ್ಕೆಂದು ಅವರು ಹಾಕಿದ ರಜೆಗಳೆಲ್ಲ ಅವರ ಸ್ವಂತ ರಜೆಗಳು. ಆ ಪತ್ರ ಅವರ ಸೇವಾ ಕಡತದಲ್ಲಿ ಸೇರಬೇಕು. ಮುಂದೆ ಕಾರ್ಯದರ್ಶಿಯಾಗುವವರಿಗೂ ಅದು ರಜೆ ಕೇಳುವಾಗ ಆಧಾರವಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಸಮಿತಿಯ ಮುಂದೆ ಇವನ್ನೆಲ್ಲ ಓದಿದೆ. ಹೆಸರು ಸೂಚಿಸುವ ಕ್ರಮ ಮತ್ತು ಆಯ್ಕೆಯ ಮೂವರ ಬಗ್ಗೆ ಠರಾವನ್ನು ಸರ್ವ ಸದಸ್ಯರ ಸಭೆಯಲ್ಲಿ ಮಂಡಿಸಲು ಒಪ್ಪಿದ್ದಾರೆ. ಕಂಪನಿಗಳ ನೆರವು ಬೇಡವೆಂಬುದಕ್ಕೆ ಇಬ್ಬರ ವಿರೋಧವಿತ್ತು, ಹಿರಿಯರ ಅನುಭವವನ್ನು ಓದಿ ಹೇಳಿದ ಮೇಲೆ ಅವರೂ ಒಪ್ಪಿದರು. ಹುದ್ದೆಯಿಲ್ಲದವರಿಗೂ ಗೌರವ ಸಲ್ಲಬೇಕೆಂಬ ಮಾತು ಇನ್ನೂ ಚರ್ಚೆಯಲ್ಲಿದೆ, ನಾನು ಅದರ ಪರವಾಗಿದ್ದೇನೆ. ಆಸ್ಪತ್ರೆಗೆ ಬರೆಯುವ ಪತ್ರದ ಕರಡನ್ನು ನಾನೇ ಸಿದ್ಧಪಡಿಸುತ್ತಿದ್ದೇನೆ. ಪರದೆ ಮತ್ತು ಸನ್ನೆ ಭಾಷೆಯ ವ್ಯವಸ್ಥೆಯ ಹೊಣೆಯನ್ನು ಒಬ್ಬ ಕಿರಿಯ ಸದಸ್ಯರು ವಹಿಸಿಕೊಂಡಿದ್ದಾರೆ. ಹಾವೇರಿಯ ತಾಯಿಯವರು ಒಪ್ಪಿದರೆ, ಮಾನಪತ್ರವನ್ನು ಅವರ ಕೈಯಿಂದಲೇ ಕೊಡಿಸಬೇಕೆಂದಿದ್ದೇವೆ.

ಗದಗಿನ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಆ ಗಿರಣಿಯ ಯಜಮಾನರನ್ನೂ ಸಭೆಗೆ ಕರೆಯಬೇಕೆಂದು ಸಮಿತಿಯ ಎಲ್ಲರ ಮನಸ್ಸಿನಲ್ಲಿದೆ. ಆಮಂತ್ರಣ ಮುಟ್ಟಿಸಲು ಆ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಅವರನ್ನು ಕಾಣಲು ಸಾಧ್ಯವೇ, ದಯವಿಟ್ಟು ತಿಳಿಸಿ.